ಅಂಗೈಯಗಲದ ಗಣಕ, ಮನೆಯ ಸಂಗೀತ ಭಂಡಾರ

ಗಾನಯೋಗಿ ಪಂಚಾಕ್ಷರ ಗವಾಯಿ ಹಾಗೂ ಡಾ. ಪುಟ್ಟರಾಜ ಗವಾಯಿ (1914-2010) ಅವರ ಜನ್ಮಭೂಮಿ ಹಾವೇರಿ ಜಿಲ್ಲೆಯ ಹಾನಗಲ್ ತಾಲ್ಲೂಕು. ಹಲಗೇರಿ, ರಾಣೆಬೆನ್ನೂರು, ಬ್ಯಾಡಗಿ ಪರಿಸರದಲ್ಲಿ ವಚನ, ತತ್ವಪದ, ರಂಗಗೀತೆಗಳ ಕ್ಯಾಸೆಟ್‌ಗಳನ್ನು ಜತನದಿಂದ ಕಾಪಾಡಿಕೊಂಡ ಮನೆಗಳುಂಟು. ಜಾತ್ರೆಯಲ್ಲೋ ಮದುವೆಯಲ್ಲೋ ಮುದ್ರಿಸಿಕೊಂಡ ಹಾಡು ಯಾವ ಅಂತರ್ಜಾಲ ಸಂಗೀತ ಸೇವೆಯಲ್ಲೂ ಸಿಗುವುದಿಲ್ಲ; ಟೇಪು ಸವೆದರೆ ಅದು ಶಾಶ್ವತವಾಗಿ ಹೋದಂತೆ. ಇಂತಹ ಸಂಗ್ರಹವನ್ನು ಉಳಿಸಿ, ಮನೆಮಂದಿಯೆಲ್ಲ ಕೇಳುವಂತೆ ಮಾಡಲು ಒಂದೇ ಫಲಕದ ಪುಟ್ಟ ಗಣಕಯಂತ್ರ ನೆರವಾಗಬಲ್ಲದು.

ಯಾವುದು ಈ ಗಣಕ?

ಬ್ರಿಟನ್ನಿನಲ್ಲಿ 2012ರ ಫೆಬ್ರವರಿ 29ರಂದು ಬಿಡುಗಡೆಯಾದ ರಾಸ್ಪ್‌ಬೆರಿ ಪೈ ಈ ವರ್ಗದಲ್ಲಿ ಸುಪ್ರಸಿದ್ಧ. ಹಾಡು ನುಡಿಸುವ ಕೆಲಸಕ್ಕೆ ದುಬಾರಿ ಮಾದರಿ ಬೇಕಿಲ್ಲ. 2016ರ ಪೈ 3 ಅಥವಾ 2021ರ ಝೀರೊ 2 ಡಬ್ಲ್ಯೂ ಸಾಕು. ಎರಡರಲ್ಲೂ ವೈಫೈ ಅಡಕವಾಗಿದೆ.

ಪೈ 3 ಮತ್ತು ಪೈ 4ರಲ್ಲಿ ಹೆಡ್‌ಫೋನ್ ಕಿಂಡಿ ಇದೆಯಾದರೂ ಅದರ ಧ್ವನಿ ಸಾಧಾರಣ. ಝೀರೊ 2 ಡಬ್ಲ್ಯೂ ಮತ್ತು ಪೈ 5ರಲ್ಲಿ ಆ ಕಿಂಡಿಯೇ ಇಲ್ಲ. ಆದ್ದರಿಂದ ಅಂಕಿಗಳನ್ನು ಧ್ವನಿಸಂಕೇತವಾಗಿ ಪರಿವರ್ತಿಸುವ ‘ಡ್ಯಾಕ್’ ಫಲಕವನ್ನು ಗಣಕದ 40 ಪಿನ್‌ಗಳ ಮೇಲೆ ಕೂರಿಸಿ, ಅಲ್ಲಿಂದ ಆಂಪ್ಲಿಫೈಯರ್‌ಗೆ ತಂತಿ ಎಳೆಯುವುದು ಉತ್ತಮ. ಯುಎಸ್‌ಬಿ ಡ್ಯಾಕ್ ಕೂಡ ಆಗಬಹುದು.

ಜೋಡಣೆ ಹೇಗೆ?

ಉಚಿತವಾಗಿ ದೊರೆಯುವ ‘ಮೂಡ್ ಆಡಿಯೊ’ ತಂತ್ರಾಂಶವನ್ನು ‘ರಾಸ್ಪ್‌ಬೆರಿ ಪೈ ಇಮೇಜರ್’ ಮೂಲಕ ಮೆಮೊರಿ ಕಾರ್ಡ್‌ಗೆ ಬರೆಯಬೇಕು. ಬಳಕೆದಾರರ ಹೆಸರು, ಗುಪ್ತಪದ, ಮನೆಯ ವೈಫೈ ವಿವರಗಳನ್ನು ಆಗಲೇ ನಮೂದಿಸಬೇಕು. ಕಾರ್ಡ್ ಹಾಕಿ ವಿದ್ಯುತ್ ಕೊಟ್ಟ ಬಳಿಕ ಮೊಬೈಲ್ ಬ್ರೌಸರ್‌ನಲ್ಲಿ ಗಣಕದ ವಿಳಾಸ ತೆರೆದು, ಡ್ಯಾಕ್‌ನ ಹೆಸರನ್ನು ಆಯ್ದರಾಯಿತು. ಹಾಡುಗಳಿರುವ ಪೆನ್‌ಡ್ರೈವ್ ಚುಚ್ಚಿ ಪಟ್ಟಿಯನ್ನು ನವೀಕರಿಸಿದರೆ, ಮನೆಯ ಯಾವ ಮೊಬೈಲಿನಿಂದಲಾದರೂ ಹಾಡು ಆರಿಸಬಹುದು. ಅಂತರ್ಜಾಲ ಕಡಿತವಾದರೂ ರೂಟರ್ ಚಾಲೂ ಇದ್ದರೆ ಹಾಡು ನಿಲ್ಲದು.

ಕ್ಯಾಸೆಟ್‌ನಿಂದ ಕಾರ್ಡ್‌ಗೆ

ಟೇಪ್‌ರೆಕಾರ್ಡರಿನ ಧ್ವನಿಯನ್ನು ತಂತಿಯ ಮೂಲಕ ಕಂಪ್ಯೂಟರ್‌ಗೆ ಹರಿಸಿ, ‘ಆಡಾಸಿಟಿ’ ಎಂಬ ಉಚಿತ ತಂತ್ರಾಂಶದಲ್ಲಿ ಮುದ್ರಿಸಿಕೊಳ್ಳಬಹುದು. ಅರವತ್ತು ನಿಮಿಷದ ಕ್ಯಾಸೆಟ್‌ಗೆ ಅಷ್ಟೇ ಹೊತ್ತು ಹಿಡಿಯುತ್ತದೆ. 320 ಕಿಲೊಬಿಟ್ ದರ್ಜೆಯ ಎಂಪಿ3ಯಲ್ಲಿ ಒಂದು ಗಂಟೆಯ ಸಂಗೀತಕ್ಕೆ ಸುಮಾರು 144 ಎಂಬಿ ಸ್ಥಳ ಬೇಕು. ಅಂದರೆ 64 ಜಿಬಿ ಪೆನ್‌ಡ್ರೈವ್ ನಾನೂರು ಗಂಟೆಗಳಷ್ಟು ಸಂಗೀತವನ್ನು ಹಿಡಿಸಿಕೊಳ್ಳುತ್ತದೆ. ಮೂಲಪ್ರತಿಯನ್ನು ಮಾತ್ರ ಗುಣಮಟ್ಟ ಕುಂದಿಸದ ಫ್ಲಾಕ್ ರೂಪದಲ್ಲಿ ಇಡುವುದು ಲೇಸು.

ಕರೆಂಟಿನದೇ ಚಿಂತೆ

ಹಾಡು ನಡೆಯುತ್ತಿರುವಾಗಲೇ ಕರೆಂಟು ಹೋದರೆ ಮೆಮೊರಿ ಕಾರ್ಡ್‌ನಲ್ಲಿನ ತಂತ್ರಾಂಶ ಕೆಡುವ ಸಂಭವವುಂಟು. ಸ್ವಿಚ್ ಆರಿಸುವ ಮುನ್ನ ಪರದೆಯ ಮೇಲಿನ ಆಯ್ಕೆಯಿಂದ ಗಣಕವನ್ನು ಸ್ಥಗಿತಗೊಳಿಸುವುದು ಕಡ್ಡಾಯ. ಪದೇಪದೇ ವಿದ್ಯುತ್ ಕೈಕೊಡುವ ಊರುಗಳಿಗೆ, ಆರಂಭವಾದ ಬಳಿಕ ಪೂರ್ತಿಯಾಗಿ ರ‍್ಯಾಮ್‌ನಲ್ಲೇ ನಡೆಯುವ ‘ಪೈಕೋರ್‌ಪ್ಲೇಯರ್’ ಹೆಚ್ಚು ಸುರಕ್ಷಿತ. ಪೈ 3ಕ್ಕೆ 5 ವೋಲ್ಟ್, 2.5 ಆಂಪಿಯರ್‌ನ ಅಡಾಪ್ಟರ್ ಬೇಕು. ಹಳೆಯ ಮೊಬೈಲ್ ಚಾರ್ಜರ್ ಸಾಲದು.

ಕಾರ್ಡ್ ಕೆಟ್ಟರೆ ತಂತ್ರಾಂಶವನ್ನು ಮತ್ತೆ ಬರೆದುಕೊಳ್ಳಬಹುದು, ಕಳೆದ ಹಾಡನ್ನು ಮಾತ್ರ ಮರಳಿ ತರಲಾಗದು. ಆದಕಾರಣ ಸಂಗ್ರಹದ ಇನ್ನೊಂದು ಪ್ರತಿಯನ್ನು ಬೇರೆ ಹಾರ್ಡ್‌ಡಿಸ್ಕ್‌ನಲ್ಲಿ, ಸಾಧ್ಯವಾದರೆ ಬೇರೆ ಮನೆಯಲ್ಲಿ, ಇಡುವುದು ಅಗತ್ಯ.