ಜೀವವಿಜ್ಞಾನಕ್ಕೆ ಲೆಕ್ಕ ಬಂದ ಬಗೆ: ತೆಂಗಿನ ತೋಟದಿಂದ ಜೀನೋಮ್ ಕಂಪನಿಯವರೆಗೆ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ತೋಟಗಳಲ್ಲಿ ಈ ಸಲ ಕಾಯಿ ಕಡಿಮೆಯಾದರೆ ಅದಕ್ಕೆ ಈ ಸಲದ ಮಳೆಯೊಂದೇ ಕಾರಣವಲ್ಲ. ತೆಂಗಿನ ಹೊಂಬಾಳೆ ಸುಳಿಯೊಳಗೆ ಹುಟ್ಟಿ ಹೊರಗೆ ಬಂದು ಒಡೆಯಲು ಸುಮಾರು 32 ತಿಂಗಳು ಬೇಕು. ಅದರ ಹರಳು ಬಲಿತ ಕಾಯಾಗಲು ಮತ್ತೆ 11–12 ತಿಂಗಳು. ಅಂದರೆ ಇವತ್ತು ಇಳಿಸುವ ಗೊನೆಯ ಹಣೆಬರಹ ಮೂರೂವರೆ ವರ್ಷದ ಹಿಂದೆಯೇ ಶುರುವಾಗಿರುತ್ತದೆ. ನಡುವೆ ಬಿದ್ದ ಬರ, ಕೊಟ್ಟ ನೀರು, ಹಾಕಿದ ಗೊಬ್ಬರ, ಹತ್ತಿದ ನುಸಿ ಎಲ್ಲಕ್ಕೂ ಅದರಲ್ಲಿ ಪಾಲಿದೆ. ಯಾವುದರ ಪಾಲು ಎಷ್ಟು ಎಂದು ಬಿಡಿಸಿ ಹೇಳಲು ಸಸ್ಯಶಾಸ್ತ್ರವೊಂದೇ ಸಾಲದು. ಸಂಖ್ಯಾಶಾಸ್ತ್ರ ಬೇಕು, ಗಣಿತ ಬೇಕು, ಕಂಪ್ಯೂಟರ್ ಬೇಕು. ಜೀವಿಗಳ ಪ್ರಶ್ನೆಯನ್ನು ಹೀಗೆ ಅಳೆದು, ಲೆಕ್ಕ ಹಾಕಿ ಬಿಡಿಸುವ ಅಧ್ಯಯನವೇ ಪರಿಮಾಣಾತ್ಮಕ ಜೀವವಿಜ್ಞಾನ.

ಈ ಕ್ಷೇತ್ರದ ಸ್ನಾತಕೋತ್ತರ ಮತ್ತು ಪಿಎಚ್‌.ಡಿ. ವಿದ್ಯಾರ್ಥಿಗಳನ್ನು ಸಂಶೋಧನೆಗೂ ಉದ್ಯಮಕ್ಕೂ ತಯಾರು ಮಾಡುವುದು ಹೇಗೆ ಎಂಬ ಚರ್ಚೆ ಈಗ ಜೋರಾಗಿದೆ. ಕನ್ನಡ ನಾಡಿನಲ್ಲಿ ಈ ತಯಾರಿಗೆ ನೂರು ವರ್ಷದ ಹಿನ್ನೆಲೆಯಿದೆ. ಆ ಹಾದಿಯನ್ನು ನೋಡಿದರೆ ಒಂದು ಮಾತು ಸ್ಪಷ್ಟವಾಗುತ್ತದೆ: ಮೇಲ್ಮಟ್ಟದ ಸಂಸ್ಥೆಗಳು ಒಂದರ ಮೇಲೊಂದು ಬೆಳೆದಿವೆ, ಅಲ್ಲಿಗೆ ಹತ್ತಬೇಕಾದ ಪದವಿ ಕಾಲೇಜಿನ ಮೆಟ್ಟಿಲು ಮಾತ್ರ ಬಹುಮಟ್ಟಿಗೆ ಹಾಗೇ ಇದೆ.

ತಾಯಿ ಮರಗಳನ್ನು ಎಣಿಸಿದ ಕಾಲ

ಕಾಸರಗೋಡಿನಲ್ಲಿ ತೆಂಗು ಸಂಶೋಧನಾ ಕೇಂದ್ರ ಶುರುವಾದದ್ದು 1916ರಲ್ಲಿ. ಆಗ ಆ ಊರು ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. 1970ರಲ್ಲಿ ಅದೇ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ, ಅಂದರೆ ಸಿಪಿಸಿಆರ್‌ಐ ಆಯಿತು. 1932ರಲ್ಲಿ ಹತ್ತಿರದ ನೀಲೇಶ್ವರದಲ್ಲಿ ಜೆ.ಎಸ್‌. ಪಟೇಲ್ ಎತ್ತರದ ತಳಿಗೂ ಗಿಡ್ಡ ತಳಿಗೂ ಸಂಕರ ಮಾಡಿ ತೆಂಗಿನ ಮೊದಲ ಹೈಬ್ರಿಡ್ ಪಡೆದರು.

ತೆಂಗಿನಲ್ಲಿ ಪ್ರಯೋಗ ಮಾಡುವುದು ರಾಗಿಯಲ್ಲಿ ಮಾಡಿದಷ್ಟು ಸಲೀಸಲ್ಲ. ಎತ್ತರದ ತಳಿಗಳಲ್ಲಿ ಪರಾಗ ಬೇರೆ ಮರಗಳಿಂದ ಬರುವುದೇ ಹೆಚ್ಚು. ಹಾಗಾಗಿ ಒಂದೇ ತಾಯಿ ಮರದ ಸಸಿಗಳೂ ಒಂದರಂತೆ ಇನ್ನೊಂದು ಇರುವುದಿಲ್ಲ. ಫಲಕ್ಕೆ ಬರಲು ಆರೇಳು ವರ್ಷ ಕಾಯಬೇಕು. ಬಂದ ಮೇಲೂ ಇಳುವರಿ ವರ್ಷದಿಂದ ವರ್ಷಕ್ಕೆ ಏರುಪೇರಾಗುತ್ತದೆ. ಒಂದು ಗೊಬ್ಬರದಿಂದ ಲಾಭವಾಯಿತೇ ಎಂದು ಹೇಳಬೇಕಾದರೆ ಎಷ್ಟು ಮರ ಬೇಕು, ಎಷ್ಟು ವರ್ಷ ನೋಡಬೇಕು, ಪ್ರಯೋಗಕ್ಕೆ ಮುಂಚೆ ಆ ಮರ ಎಷ್ಟು ಕಾಯಿ ಕೊಡುತ್ತಿತ್ತು ಎಂಬುದನ್ನು ಲೆಕ್ಕಕ್ಕೆ ಹಿಡಿಯುವುದು ಹೇಗೆ? ಇಂಥ ಪ್ರಶ್ನೆಗಳಿಗೆ ಉತ್ತರ ಕಟ್ಟಿಕೊಟ್ಟವರು 1919ರಲ್ಲಿ ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಕೇಂದ್ರಕ್ಕೆ ಸೇರಿದ ಆರ್‌.ಎ. ಫಿಷರ್. ಅವರ ವಿಧಾನಗಳನ್ನು ಭಾರತದ ಬೆಳೆಗಳಿಗೆ ಹೊಂದಿಸಿ ವಿ.ಜಿ. ಪಾನ್ಸೆ ಮತ್ತು ಪಿ.ವಿ. ಸುಖಾತ್ಮೆ ಬರೆದ ಪಠ್ಯಪುಸ್ತಕ 1954ರಲ್ಲಿ ಬಂತು. ಕೃಷಿ ವಿದ್ಯಾರ್ಥಿಗಳ ಹಲವು ತಲೆಮಾರುಗಳು ಅದನ್ನು ಓದಿಯೇ ಮುಂದೆ ಬಂದವು.

ಇದೇ ಕಾಲಕ್ಕೆ ಸೇರಿದ ಇನ್ನೊಂದು ಹೆಸರು ಸಿ.ಆರ್‌. ರಾವ್. ಅವರು 1920ರಲ್ಲಿ ಹುಟ್ಟಿದ್ದು ಹೂವಿನಹಡಗಲಿಯಲ್ಲಿ. ಕಲ್ಕತ್ತೆಯ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯಿಂದ 1946ರಲ್ಲಿ ಕೇಂಬ್ರಿಜ್‌ಗೆ ಹೋದ ರಾವ್ ಅವರಿಗೆ ಸಿಕ್ಕಿದ ಕೆಲಸ, ಸುಡಾನಿನ ಜೆಬೆಲ್ ಮೋಯದಲ್ಲಿ ಅಗೆದು ತೆಗೆದ ಪ್ರಾಚೀನ ಮಾನವರ ಅಸ್ಥಿಗಳ ಅಳತೆಗಳನ್ನು ವಿಶ್ಲೇಷಿಸುವುದು. ಪಿ.ಸಿ. ಮಹಲನೋಬಿಸ್ ರೂಪಿಸಿದ್ದ ‘ದೂರ’ದ ಸೂತ್ರವನ್ನು ಅವರು ಅಲ್ಲಿ ಬಳಸಿದರು. ಹತ್ತಾರು ಅಳತೆಗಳನ್ನು ಒಟ್ಟಿಗೆ ಇಟ್ಟು ಎರಡು ಗುಂಪುಗಳು ಎಷ್ಟು ಹತ್ತಿರ, ಎಷ್ಟು ದೂರ ಎಂದು ಹೇಳುವ ಆ ಸೂತ್ರವನ್ನೇ ನಮ್ಮ ತಳಿವಿಜ್ಞಾನಿಗಳು ಮುಂದೆ ಬೆಳೆಗಳ ತಳಿ ವಿಂಗಡಣೆಗೆ ಧಾರಾಳವಾಗಿ ಬಳಸಿಕೊಂಡರು. ಫಿಷರ್ ಮಾರ್ಗದರ್ಶನದಲ್ಲಿ 1948ರಲ್ಲಿ ಪಿಎಚ್‌.ಡಿ. ಪಡೆದ ರಾವ್ ಅವರಿಗೆ 2023ರಲ್ಲಿ, ನೂರು ದಾಟಿದ ಮೇಲೆ, ಸಂಖ್ಯಾಶಾಸ್ತ್ರದ ಅಂತರರಾಷ್ಟ್ರೀಯ ಪ್ರಶಸ್ತಿ ಸಂದಿತು. ಅದೇ ವರ್ಷ ಅವರು ತೀರಿಕೊಂಡರು.

1964ರಲ್ಲಿ ಹುಟ್ಟಿದ ಬೆಂಗಳೂರು ಕೃಷಿ ವಿಶ್ವವಿದ್ಯಾಲಯ ಈ ಪರಂಪರೆಯನ್ನು ತರಗತಿಗೆ ತಂದಿತು. ಕೃಷಿ ಎಂ.ಎಸ್ಸಿ. ಓದುವವರು ಕೀಟಶಾಸ್ತ್ರ ಹಿಡಿಯಲಿ, ಮಣ್ಣು ವಿಜ್ಞಾನ ಹಿಡಿಯಲಿ, ಸಂಖ್ಯಾಶಾಸ್ತ್ರದ ಪತ್ರಿಕೆ ತಪ್ಪುವುದಿಲ್ಲ. ಪ್ರಯೋಗದ ವಿನ್ಯಾಸ ಸರಿಯಿಲ್ಲದಿದ್ದರೆ ಪ್ರಬಂಧ ಮುಂದೆ ಹೋಗುವುದಿಲ್ಲ. ಸಾಮಾನ್ಯ ವಿಶ್ವವಿದ್ಯಾಲಯಗಳ ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರದ ಎಂ.ಎಸ್ಸಿ.ಗಳಲ್ಲಿ ಜೈವಿಕ ಸಂಖ್ಯಾಶಾಸ್ತ್ರ ಸಾಮಾನ್ಯವಾಗಿ ಒಂದು ಘಟಕಕ್ಕೆ ಮುಗಿಯುತ್ತದೆ. ಈ ಅಂತರವನ್ನು ಮುಂದಿನ ಮಾತಿಗಾಗಿ ನೆನಪಿಡಬೇಕು.

ಬೆಂಗಳೂರಿನ ಪ್ರಯೋಗಾಲಯಗಳು

ಎರಡನೆಯ ಹಂತ ತೋಟದಿಂದ ಅಣುವಿಗೆ ಇಳಿಯಿತು. ಪ್ರೋಟೀನಿನ ಸರಪಳಿ ಯಾವ ಕೋನಗಳಲ್ಲಿ ಬಾಗಬಹುದು, ಯಾವುದರಲ್ಲಿ ಬಾಗಲಾರದು ಎಂದು ತೋರಿಸುವ ನಕ್ಷೆಯನ್ನು ಜಿ.ಎನ್‌. ರಾಮಚಂದ್ರನ್ ಮತ್ತು ಸಂಗಡಿಗರು 1963ರಲ್ಲಿ ಮದ್ರಾಸಿನಲ್ಲಿ ಪ್ರಕಟಿಸಿದ್ದರು. ಅದೇ ರಾಮಚಂದ್ರನ್ 1971ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಣುಜೈವಿಕ ಭೌತವಿಜ್ಞಾನ ಘಟಕ ಕಟ್ಟಿದರು. ಭೌತಶಾಸ್ತ್ರ, ರಸಾಯನಶಾಸ್ತ್ರ ಓದಿದವರು ಅಲ್ಲಿ ಜೀವಿಯ ಪ್ರಶ್ನೆಗೆ ಕೈ ಹಾಕಿದರು. ಮಾಧವ ಗಾಡ್ಗೀಳರು ಅದೇ ಸಂಸ್ಥೆಯಲ್ಲಿ 1983ರಲ್ಲಿ ಪರಿಸರ ವಿಜ್ಞಾನ ಕೇಂದ್ರ ಶುರುಮಾಡಿದರು. ಆ ಕೇಂದ್ರದವರು 1988ರಿಂದ ಮುದುಮಲೆ ಕಾಡಿನ 50 ಹೆಕ್ಟೇರ್‌ನಲ್ಲಿ ಮರಗಳಿಗೆ ಗುರುತಿನ ಚೀಟಿ ಹಚ್ಚಿ, ಸುತ್ತಳತೆ ಹಿಡಿದು, ಹುಟ್ಟು-ಸಾವು ದಾಖಲಿಸುತ್ತ ಬಂದಿದ್ದಾರೆ. 1990ರ ದಶಕದ ಆರಂಭದಲ್ಲಿ ಒಬೈದ್ ಸಿದ್ದಿಕಿ ಅವರ ನೇತೃತ್ವದಲ್ಲಿ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ ಬಂತು. ಅದು ನೆಲೆಯೂರಿದ್ದು ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲೇ.

ಈ ಕಾಲದ ತರಬೇತಿ ಗುರುಕುಲದ್ದು. ವಿದ್ಯಾರ್ಥಿ ಒಬ್ಬ ಮಾರ್ಗದರ್ಶಕರ ಬಳಿ ಐದಾರು ವರ್ಷ ಇದ್ದು, ಬೇಕಾದ ಗಣಿತವನ್ನು ಬೇಕಾದಾಗ ಕಲಿಯುತ್ತಿದ್ದ. ಕಲಿಕೆ ಆಳವಾಗಿತ್ತು, ಕಲಿತವರು ಕೆಲವರೇ. ಮುಂದಿನ ದಾರಿಯೂ ಬಹುಪಾಲು ಒಂದೇ: ವಿದೇಶದಲ್ಲಿ ಪೋಸ್ಟ್‌ಡಾಕ್, ಆಮೇಲೆ ಅಧ್ಯಾಪಕ ಹುದ್ದೆ.

ಜೀನೋಮ್ ಬಂತು, ಕೋರ್ಸ್‌ಗಳೂ ಬಂದವು

ಮಾನವ ಜೀನೋಮಿನ ಕರಡು 2001ರಲ್ಲಿ ಪ್ರಕಟವಾಯಿತು. ಅದೇ ವರ್ಷ ಕರ್ನಾಟಕ ತನ್ನ ಮೊದಲ ಜೈವಿಕ ತಂತ್ರಜ್ಞಾನ ನೀತಿ ತಂದಿತು. ಅದಕ್ಕೂ ಮುಂಚೆ, 2000ದಲ್ಲಿ, ಭಾರತೀಯ ವಿಜ್ಞಾನ ಸಂಸ್ಥೆಯ ನಾಲ್ವರು ಪ್ರಾಧ್ಯಾಪಕರು ಸ್ಟ್ರಾಂಡ್ ಜೀನೋಮಿಕ್ಸ್ ಕಂಪನಿ ಹುಟ್ಟುಹಾಕಿದ್ದರು. ರಾಜ್ಯ ಸರ್ಕಾರ ಮತ್ತು ಐಸಿಐಸಿಐ ಕೈಜೋಡಿಸಿ ಬಯೋಇನ್ಫರ್ಮ್ಯಾಟಿಕ್ಸ್ ಮತ್ತು ಅನ್ವಯಿಕ ಜೈವಿಕ ತಂತ್ರಜ್ಞಾನ ಸಂಸ್ಥೆ, ಐಬಿಎಬಿ, ಕಟ್ಟಿದವು. ಜೀವಶಾಸ್ತ್ರದವರಿಗೆ ಪ್ರೋಗ್ರಾಮಿಂಗ್, ಎಂಜಿನಿಯರ್‌ಗಳಿಗೆ ಜೀವಶಾಸ್ತ್ರ ಕಲಿಸುವ ಅದರ ಸ್ನಾತಕೋತ್ತರ ಡಿಪ್ಲೊಮಾ ಕಂಪನಿಗಳ ಅಗತ್ಯವನ್ನು ಕಣ್ಣೆದುರು ಇಟ್ಟುಕೊಂಡೇ ರೂಪುಗೊಂಡದ್ದು. 2002ರಲ್ಲಿ ಅಖಿಲೇಶ್ ಪಾಂಡೆ ವೈಟ್‌ಫೀಲ್ಡ್‌ನಲ್ಲಿ ಇನ್‌ಸ್ಟಿಟ್ಯೂಟ್ ಆಫ್ ಬಯೋಇನ್ಫರ್ಮ್ಯಾಟಿಕ್ಸ್ ತೆರೆದರು. ಆ ಸಂಸ್ಥೆ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದೊಡನೆ ಸೇರಿ ಮಾನವ ಪ್ರೋಟೀನುಗಳ ಕರಡು ನಕ್ಷೆಯನ್ನು 2014ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿತು. ಅದರ ಹಿಂದೆ ಬೆಂಗಳೂರಿನ ಯುವ ಸಂಶೋಧಕರ ದೊಡ್ಡ ದುಡಿಮೆಯಿತ್ತು.

ಇನ್ನೊಂದು ಮುಖವೂ ಉಂಟು. ಬಯೋಇನ್ಫರ್ಮ್ಯಾಟಿಕ್ಸ್ ಎಂಬ ಹೆಸರಿಗೆ ಬೇಡಿಕೆ ಬಂದಾಗ ಕೋರ್ಸ್‌ಗಳು ಎಲ್ಲೆಡೆ ಹುಟ್ಟಿಕೊಂಡವು. ಪಾಠದ ಮಟ್ಟ ಒಂದೊಂದು ಕಡೆ ಒಂದೊಂದು. ಸಿದ್ಧ ಸಾಫ್ಟ್‌ವೇರ್‌ನ ಗುಂಡಿ ಒತ್ತುವುದನ್ನು ಕಲಿತವರು ಅದರ ಒಳಗಿನ ಲೆಕ್ಕ ಕಲಿಯದೆ ಹೊರಬಂದರು. ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ ಬಯೋಇನ್ಫರ್ಮ್ಯಾಟಿಕ್ಸ್‌ಗೆ ರಾಷ್ಟ್ರೀಯ ಪ್ರಮಾಣೀಕರಣ ಪರೀಕ್ಷೆ ತಂದದ್ದು, ರಾಜ್ಯ ಸರ್ಕಾರ ಜೈವಿಕ ತಂತ್ರಜ್ಞಾನ ಫಿನಿಶಿಂಗ್ ಸ್ಕೂಲ್‌ಗಳನ್ನು ತೆರೆದದ್ದು ಈ ಹಿನ್ನೆಲೆಯಲ್ಲಿ. ಪದವಿ ಮುಗಿಸಿದವರಿಗೆ ಮತ್ತೆ ‘ಫಿನಿಶಿಂಗ್’ ಬೇಕಾಯಿತೆಂದರೆ ಪದವಿಯಲ್ಲಿ ಏನೋ ಉಳಿದುಹೋಗಿತ್ತೆಂದೇ ಅರ್ಥ.

ಕೆಲಸದ ಭದ್ರತೆಯ ಪಾಠವನ್ನೂ ಈ ಕಾಲವೇ ಕಲಿಸಿತು. ಕ್ಷಯರೋಗದ ಔಷಧಿಗಾಗಿ ಬೆಂಗಳೂರಿನಲ್ಲಿ ಸಂಶೋಧನೆ ನಡೆಸುತ್ತಿದ್ದ ಆಸ್ಟ್ರಾಜೆನೆಕಾ, ಇಲ್ಲಿನ ಆ ಘಟಕವನ್ನು ಮುಚ್ಚುವುದಾಗಿ 2014ರಲ್ಲಿ ಪ್ರಕಟಿಸಿತು. ಒಂದೇ ಉಪಕರಣ, ಒಂದೇ ತಂತ್ರ ನಂಬಿ ಕೂತವರಿಗೆ ಇಂಥ ಹೊತ್ತು ಕಷ್ಟದ್ದು. ಲೆಕ್ಕದ ಬುನಾದಿ ಇರುವವರು ಬೇರೆ ಪ್ರಶ್ನೆಗೆ ಹೊರಳಬಲ್ಲರು.

ದತ್ತಾಂಶದ ದಶಕ

ಕಳೆದ ಹತ್ತು ವರ್ಷಗಳಲ್ಲಿ ಅಳೆಯುವ ಖರ್ಚು ಇಳಿದು, ಅರ್ಥ ಮಾಡಿಕೊಳ್ಳುವ ಕೆಲಸ ಬೆಟ್ಟದಷ್ಟಾಗಿದೆ. ಮಾನವ ಜೀನೋಮಿನಲ್ಲಿ ಸುಮಾರು 300 ಕೋಟಿ ಅಕ್ಷರಗಳಿದ್ದರೆ ತೆಂಗಿನಲ್ಲಿ 240 ಕೋಟಿಯಷ್ಟಿವೆ. ಚೀನಾದ ಹೈನಾನ್ ದ್ವೀಪದ ಎತ್ತರದ ತಳಿಯ ಜೀನೋಮ್ 2017ರಲ್ಲಿ ಪ್ರಕಟವಾಯಿತು. ಬಳಿಕ ಕಾಸರಗೋಡಿನ ವಿಜ್ಞಾನಿಗಳು ಚಾವಕ್ಕಾಡ್ ಹಸಿರು ಗಿಡ್ಡ ತಳಿಯದ್ದನ್ನು ಬಿಡಿಸಿದರು. ದಕ್ಷಿಣ ಕನ್ನಡದ ಕಿದುವಿನಲ್ಲಿ ದಕ್ಷಿಣ ಏಷ್ಯಾದ ಅಂತರರಾಷ್ಟ್ರೀಯ ತೆಂಗು ತಳಿ ಸಂಗ್ರಹವೇ ಇದೆ. ತಿಪಟೂರು ಎತ್ತರದ ತಳಿ ಬರವನ್ನು ಹೇಗೆ ತಾಳುತ್ತದೆ ಎಂಬಂಥ ಪ್ರಶ್ನೆಯನ್ನು ಈಗ ಜೀನಿನ ಮಟ್ಟದಲ್ಲಿ ಕೇಳಬಹುದು. ಕೇಳಲು ಗೊತ್ತಿರುವವರು ಬೇಕು.

ಭಾರತೀಯ ವಿಜ್ಞಾನ ಸಂಸ್ಥೆಯ ಮಿದುಳು ಸಂಶೋಧನಾ ಕೇಂದ್ರದ ಮುಂದಾಳತ್ವದಲ್ಲಿ 2020ರಲ್ಲಿ ಶುರುವಾದ ಜೀನೋಮ್ ಇಂಡಿಯಾ ಯೋಜನೆ 10,000 ಭಾರತೀಯರ ಜೀನೋಮ್ ಓದುವ ಗುರಿ ಇಟ್ಟುಕೊಂಡಿತ್ತು. ಅದರ ದತ್ತಾಂಶ 2025ರ ಜನವರಿಯಲ್ಲಿ ಸಂಶೋಧಕರಿಗೆ ತೆರೆಯಿತು. ಕೋವಿಡ್ ಬಂದಾಗ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಸಂಖ್ಯಾಶಾಸ್ತ್ರ ಸಂಸ್ಥೆಯ ಬೆಂಗಳೂರು ಕೇಂದ್ರದ ಗಣಿತಜ್ಞರು ರಾಜ್ಯದ ಆರೋಗ್ಯ ಇಲಾಖೆಯ ಜೊತೆ ಕೂತು ಲೆಕ್ಕ ಹಾಕಿದರು. 2020ರ ಸೆಪ್ಟೆಂಬರ್ ಹೊತ್ತಿನ ರಾಜ್ಯ ಸಮೀಕ್ಷೆಯ ಪ್ರಕಾರ ಸುಮಾರು ಶೇಕಡಾ 27 ಜನರಿಗೆ ಆಗಲೇ ಸೋಂಕು ತಗುಲಿತ್ತು. ಆಸ್ಪತ್ರೆಯ ಎಣಿಕೆ ತೋರಿಸಿದ್ದಕ್ಕಿಂತ ಅದು ಎಷ್ಟೋ ಪಟ್ಟು ಹೆಚ್ಚು. ಯಾರನ್ನು, ಎಷ್ಟು ಜನರನ್ನು ಪರೀಕ್ಷಿಸಬೇಕು ಎಂಬ ಮಾದರಿ ಆಯ್ಕೆಯ ವಿದ್ಯೆ ಆಗ ಜೀವದ ಪ್ರಶ್ನೆಯಾಗಿತ್ತು.

ಎರಡು ದಾರಿ, ಒಂದೇ ತಯಾರಿ

ಇವತ್ತಿನ ವಿದ್ಯಾರ್ಥಿಗೆ ಬೆಂಗಳೂರಿನಲ್ಲಿ ಬಾಗಿಲುಗಳು ಹಲವು. ಸ್ಟ್ರಾಂಡ್, ಮೆಡ್‌ಜೀನೋಮ್‌ನಂಥ ಜೀನೋಮ್ ಪರೀಕ್ಷೆಯ ಕಂಪನಿಗಳಿವೆ. ಬಯೋಕಾನ್, ಸಿಂಜೀನ್‌ನಂಥ ಔಷಧ ಮತ್ತು ಗುತ್ತಿಗೆ ಸಂಶೋಧನೆಯ ಸಂಸ್ಥೆಗಳಿವೆ. ಔಷಧಗಳ ಮಾನವ ಪ್ರಯೋಗದ ಅಂಕಿಅಂಶ ನೋಡುವ ಬಹುರಾಷ್ಟ್ರೀಯ ಕಚೇರಿಗಳೂ ಇವೆ. ಪಿಎಚ್‌.ಡಿ. ಮಾಡುವವರಿಗೆ 2023ರಿಂದ ಕಿರಿಯ ಸಂಶೋಧನಾ ವೇತನ ತಿಂಗಳಿಗೆ 37,000 ರೂಪಾಯಿ.

ಎರಡೂ ದಾರಿಗೆ ಬುನಾದಿ ಒಂದೇ. ಸಂಭವನೀಯತೆ, ಪ್ರಯೋಗದ ವಿನ್ಯಾಸ, ಆರ್ ಅಥವಾ ಪೈಥಾನ್‌ನಲ್ಲಿ ಪ್ರೋಗ್ರಾಂ ಬರೆಯುವುದು, ಸ್ವಲ್ಪ ಕಲನಶಾಸ್ತ್ರ, ಇವಕ್ಕೆ ಬದಲಿಯಿಲ್ಲ. ಆಮೇಲೆ ದಾರಿ ಕವಲೊಡೆಯುತ್ತದೆ. ಸಂಶೋಧನೆಯಲ್ಲಿ ಯಾರೂ ಕೇಳದ ಪ್ರಶ್ನೆ ಕೇಳಬೇಕು, ವರ್ಷಗಟ್ಟಲೆ ಉತ್ತರ ಸಿಗದಿದ್ದರೂ ತಾಳಬೇಕು. ಕಂಪನಿಯಲ್ಲಿ ಪ್ರಶ್ನೆಯನ್ನು ಬೇರೆಯವರು ಕೊಡುತ್ತಾರೆ, ಗಡುವೂ ಅವರದೇ. ಬರೆದ ಪ್ರೋಗ್ರಾಂ ಇನ್ನೊಬ್ಬರು ಓದುವಂತಿರಬೇಕು, ಪ್ರತಿ ಬದಲಾವಣೆಗೂ ದಾಖಲೆ ಇರಬೇಕು, ನಿಯಂತ್ರಣ ಸಂಸ್ಥೆ ಕೇಳಿದರೆ ತೋರಿಸುವಂತಿರಬೇಕು.

ಇದನ್ನೆಲ್ಲ ಕಲಿಸಲು ಕಲ್ಪತರು ನಾಡಿನ ನುಸಿ ಪೀಡೆಗಿಂತ ಒಳ್ಳೆಯ ಉದಾಹರಣೆ ಹುಡುಕಬೇಕಾಗಿಲ್ಲ. 1998ರಲ್ಲಿ ಕೇರಳದ ಎರ್ನಾಕುಲಂ ಜಿಲ್ಲೆಯಲ್ಲಿ ಕಾಣಿಸಿಕೊಂಡ ಈ ನುಸಿ ಕೆಲವೇ ವರ್ಷಗಳಲ್ಲಿ ನಮ್ಮ ತೋಟಗಳಿಗೂ ಬಂತು. ಕಣ್ಣಿಗೆ ಕಾಣದ ಈ ಜೀವಿ ಎಳೆಗಾಯಿಯ ತೊಟ್ಟಿನ ಅಡಿ ಸೇರಿ ರಸ ಹೀರುತ್ತದೆ. ಎಣಿಸಲು ಹೊರಟರೆ ಕೆಲವು ಕಾಯಲ್ಲಿ ಒಂದೂ ಇಲ್ಲ, ಕೆಲವದರಲ್ಲಿ ಸಾವಿರಾರು. ಪಠ್ಯದಲ್ಲಿ ಕಲಿತ ಗಂಟೆಯಾಕಾರದ ವಕ್ರರೇಖೆ ಇಲ್ಲಿ ಕೆಲಸಕ್ಕೆ ಬಾರದು; ಗುಂಪುಗುಂಪಾಗಿ ಹರಡಿದ ಎಣಿಕೆಗೆ ಬೇರೆಯದೇ ವಿತರಣೆ ಬೇಕು. ಯಾವ ಗೊನೆಯ ಕಾಯಿ, ಎಷ್ಟು ಮರ ಎಂದು ಮೊದಲೇ ನಿರ್ಧರಿಸದಿದ್ದರೆ ಔಷಧಿ ಕೆಲಸ ಮಾಡಿತೋ ಇಲ್ಲವೋ ಹೇಳಲಾಗುವುದಿಲ್ಲ. ಬುಡದಿಂದ ಬುಡಕ್ಕೆ ಮಣ್ಣಿನಲ್ಲಿ ಹರಡುವ ಅಣಬೆ ರೋಗ ಇನ್ನೊಂದು ಪಾಠ. ತೋಟದ ಪ್ರತಿ ಮರದ ಸ್ಥಾನವನ್ನು ನಕ್ಷೆಯಲ್ಲಿ ಗುರುತಿಸಿ, ಮುಂದಿನ ವರ್ಷ ರೋಗ ಎತ್ತ ಸಾಗೀತು ಎಂದು ಅಂದಾಜಿಸುವುದನ್ನು ಅದು ಕಲಿಸಬಲ್ಲದು.

ಕೊಂಡಿ ಕಳಚಿರುವುದೆಲ್ಲಿ

ಪಿಯುಸಿಯಲ್ಲಿ ಪಿಸಿಎಂಬಿ ತೆಗೆದುಕೊಂಡ ಹುಡುಗಿ ಗಣಿತವನ್ನೂ ಜೀವಶಾಸ್ತ್ರವನ್ನೂ ಒಟ್ಟಿಗೆ ಓದುತ್ತಾಳೆ. ಬಿ.ಎಸ್ಸಿ.ಗೆ ಬಂದಾಗ ದಶಕಗಳಿಂದ ಇದ್ದ ಕವಲು ಸಿಬಿಝಡ್ (ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ) ಅಥವಾ ಪಿಸಿಎಂ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ). ಒಂದು ಹಿಡಿದರೆ ಗಣಿತ ಹೋಯಿತು, ಇನ್ನೊಂದು ಹಿಡಿದರೆ ಜೀವಶಾಸ್ತ್ರ ಹೋಯಿತು. 2021–22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ ಜೊತೆ ಬಂದ ಮುಕ್ತ ಆಯ್ಕೆಯ ಪತ್ರಿಕೆಗಳು ಈ ಗೋಡೆಯಲ್ಲಿ ಸಣ್ಣ ಕಿಟಕಿ ತೆರೆದವು. 2024–25ರಿಂದ ರಾಜ್ಯ ಮತ್ತೆ ಮೂರು ವರ್ಷದ ಪದವಿಗೆ ಮರಳಿದೆ. ಈ ಅದಲುಬದಲಿನಲ್ಲಿ ಸಿಬಿಝಡ್ ವಿದ್ಯಾರ್ಥಿಗೆ ಗಣಿತ ಕಲಿಸುವುದು ಹೇಗೆ ಎಂಬ ಪ್ರಶ್ನೆ ಹಿಂದೆ ಸರಿದಿದೆ. ಎಂಜಿನಿಯರಿಂಗ್ ಕಡೆಯಿಂದ, ಉದಾಹರಣೆಗೆ ತುಮಕೂರಿನ ಸಿದ್ಧಗಂಗಾ ತಾಂತ್ರಿಕ ಮಹಾವಿದ್ಯಾಲಯದ ಜೈವಿಕ ತಂತ್ರಜ್ಞಾನ ವಿಭಾಗದಿಂದ, ಬರುವವರಿಗೆ ಗಣಿತ ಜೊತೆಗಿರುತ್ತದೆ. ತಾಲ್ಲೂಕು ಕೇಂದ್ರದ ಪದವಿ ಕಾಲೇಜಿನಿಂದ ಬರುವವರಿಗೆ ಅದು ಮೂರು ವರ್ಷ ದೂರವಾಗಿರುತ್ತದೆ. ಐಬಿಎಬಿಯಂಥ ಕಡೆಯ ಪ್ರವೇಶ ಪರೀಕ್ಷೆಗೆ ಕೂತಾಗ ಆ ಮೂರು ವರ್ಷದ ಬೆಲೆ ಗೊತ್ತಾಗುತ್ತದೆ.

ಈ ಕೊಂಡಿ ಬೆಸೆಯಲು ದೊಡ್ಡ ಬಂಡವಾಳ ಬೇಕಿಲ್ಲ. ಕೃಷಿ ವಿಶ್ವವಿದ್ಯಾಲಯ ಆರು ದಶಕ ಮಾಡಿಕೊಂಡು ಬಂದದ್ದನ್ನು ಸಾಮಾನ್ಯ ಪದವಿಗೂ ತಂದರೆ ಸಾಕು: ಸಿಬಿಝಡ್ ಓದುವ ಪ್ರತಿಯೊಬ್ಬರಿಗೂ ಸಂಖ್ಯಾಶಾಸ್ತ್ರ ಮತ್ತು ಪ್ರೋಗ್ರಾಮಿಂಗ್‌ನ ಒಂದು ಪೂರ್ಣ ಪತ್ರಿಕೆ. ಅದಕ್ಕೆ ಬೇಕಾದ ಅಂಕಿಅಂಶ ಊರಲ್ಲೇ ಇದೆ. ತಿಪಟೂರಿನ ಕೊನೇಹಳ್ಳಿಯಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ, ಪಕ್ಕದ ಅರಸೀಕೆರೆಯಲ್ಲಿ ತೆಂಗಿನ ಸಂಶೋಧನೆ ನಡೆಯುತ್ತಿದೆ, ಎಪಿಎಂಸಿಯಲ್ಲಿ ಉಂಡೆ ಕೊಬ್ಬರಿಯ ಆವಕ-ಧಾರಣೆ ದಾಖಲಾಗುತ್ತದೆ. ಮಳೆಯ ಲೆಕ್ಕವನ್ನೂ ಇಳುವರಿಯ ಲೆಕ್ಕವನ್ನೂ ಮೂರೂವರೆ ವರ್ಷದ ಅಂತರದಲ್ಲಿ ಜೋಡಿಸಿ ನೋಡಲು ಒಂದು ಹಳೆಯ ಲ್ಯಾಪ್‌ಟಾಪ್ ಸಾಕು. ಎನ್‌ಪಿಟಿಇಎಲ್‌ನ ಪಾಠಗಳು ಉಚಿತವಾಗಿ ಸಿಗುತ್ತವೆ.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ಪದವಿ ಕಾಲೇಜುಗಳ ವಿಜ್ಞಾನ ಅಧ್ಯಾಪಕರು ಮತ್ತು ತುಮಕೂರು ವಿಶ್ವವಿದ್ಯಾಲಯದ ಪಠ್ಯ ಮಂಡಳಿಯವರು ಒಂದು ದಿನ ಒಟ್ಟಿಗೆ ಕೂತು ಆ ಪತ್ರಿಕೆಯ ಪಠ್ಯಕ್ರಮ ಬರೆಯಲಿ. ಬೆಂಗಳೂರಿನ ಪ್ರಯೋಗಾಲಯಕ್ಕೂ ಕಂಪನಿಗೂ ಬೇಕಾದ ಮಕ್ಕಳು ತೆಂಗಿನ ತೋಟದ ಮನೆಗಳಲ್ಲಿದ್ದಾರೆ. ಅವರಿಗೆ ಎಂ.ಎಸ್ಸಿ.ಗೆ ಹೋದ ಮೇಲೆ ಲೆಕ್ಕ ಕಲಿಸಹೊರಟರೆ ತಡವಾಗುತ್ತದೆ, ಬಿ.ಎಸ್ಸಿ.ಯ ಮೊದಲ ವರ್ಷವೇ ಅದಕ್ಕೆ ಸರಿಯಾದ ಹೊತ್ತು.