ನೀರಿನ ಜಾಡು ಹಿಡಿದು ದುರ್ಗದ ಪೇಟೆಯಲ್ಲಿ

ಬೆಂಗಳೂರಿನಿಂದ ಹುಬ್ಬಳ್ಳಿಯತ್ತ ಹೊರಟ ರೈಲು ಬೀರೂರು ಬಿಟ್ಟ ಮೇಲೆ ಹೊಸದುರ್ಗ ರೋಡ್, ರಾಮಗಿರಿ, ಹೊಳಲ್ಕೆರೆ ದಾಟಿ ಚಿಕ್ಕಜಾಜೂರು ಜಂಕ್ಷನ್ ಸೇರುತ್ತದೆ. ಹೊಳಲ್ಕೆರೆ ತಾಲ್ಲೂಕಿನ ಈ ಪುಟ್ಟ ಊರು ರೈಲು ಪ್ರಯಾಣಿಕರಿಗೆಲ್ಲ ಪರಿಚಿತವಾಗಿರುವುದು ಚಿತ್ರದುರ್ಗದ ಹಳಿ ಇಲ್ಲಿ ಕವಲೊಡೆಯುವುದರಿಂದ. ಸುಮಾರು 34 ಕಿ.ಮೀ. ಉದ್ದದ ಆ ಹಳಿ ಒಂದು ಕಾಲಕ್ಕೆ ಚಿತ್ರದುರ್ಗಕ್ಕೇ ಮುಗಿಯುತ್ತಿತ್ತು. ನಂತರ ರಾಯದುರ್ಗದವರೆಗೆ ಬೆಳೆದು ಬಳ್ಳಾರಿಯನ್ನು ಕೂಡಿಕೊಂಡಿತು. ದುರ್ಗ ನೋಡಲು ಬರುವವರು ಚಿಕ್ಕಜಾಜೂರಿನಲ್ಲಿ ಗಾಡಿ ಬದಲಿಸಿಯೂ ಬರಬಹುದು, ಹೆದ್ದಾರಿಯ ಬಸ್ಸಿನಲ್ಲೂ ಬಂದಿಳಿಯಬಹುದು. ಆದರೆ ಊರೊಳಗೆ ಕಾಲಿಟ್ಟ ಮೇಲೆ ನಡಿಗೆಗಿಂತ ಒಳ್ಳೆಯ ವಾಹನ ಇನ್ನೊಂದಿಲ್ಲ.

ಬಹುಪಾಲು ಪ್ರವಾಸಿಗರು ಮಾಡುವುದು ಬೇರೆ. ಬಸ್ ನಿಲ್ದಾಣದಿಂದ ಆಟೊ ಹಿಡಿದು ನೇರ ಕೋಟೆಯ ಟಿಕೆಟ್ ಕೌಂಟರಿನ ಮುಂದೆ ಇಳಿಯುತ್ತಾರೆ. ಒನಕೆ ಓಬವ್ವನ ಕಿಂಡಿಯಲ್ಲಿ ಒಂದು ಫೋಟೊ, ಏಕನಾಥೇಶ್ವರಿಗೆ ಒಂದು ನಮಸ್ಕಾರ, ಮಧ್ಯಾಹ್ನದ ಹೊತ್ತಿಗೆ ವಾಪಸು. ಹೀಗೆ ಬಂದು ಹೋದವರು ಕೋಟೆಯ ಅರ್ಧವನ್ನಷ್ಟೇ ಕಂಡಂತಾಯಿತು. ಉಳಿದರ್ಧ ಕೆಳಗೆ, ಪೇಟೆಯ ಬೀದಿಗಳಲ್ಲಿದೆ.

ಊರೊಳಗಿನ ಕೋಟೆ

ಚಿತ್ರದುರ್ಗದ್ದು ಏಳು ಸುತ್ತಿನ ಕೋಟೆ ಎಂಬುದು ಶಾಲಾ ಮಕ್ಕಳಿಗೂ ಗೊತ್ತು. ಈ ಏಳರಲ್ಲಿ ನಾಲ್ಕು ಬೆಟ್ಟದ ಮೇಲಿದ್ದರೆ ಮೂರು ನೆಲದ ಮೇಲಿದ್ದವು ಎಂಬುದನ್ನು ಮಾತ್ರ ನಾವು ಮರೆಯುತ್ತೇವೆ. ಹಳೆಯ ಪೇಟೆ ಕೋಟೆಯ ಹೊರಗೆ ಬೆಳೆದ ಊರಲ್ಲ, ಕೋಟೆಯ ಮಡಿಲಲ್ಲೇ ಇದ್ದ ಊರು. ಗೋಡೆಗಳು ಅಲ್ಲಲ್ಲಿ ಮಾಯವಾಗಿವೆ, ಹೆಸರುಗಳು ಉಳಿದಿವೆ. ಇಂದಿಗೂ ಅಂಗಡಿಯ ವಿಳಾಸ ಹೇಳುವವರು ಆನೆಬಾಗಿಲು ಎನ್ನುತ್ತಾರೆ. ಮನೆ ಎಲ್ಲಿ ಎಂದರೆ ಬುರುಜನಹಟ್ಟಿ ಎನ್ನುತ್ತಾರೆ, ಕೆಳಗೋಟೆ ಎನ್ನುತ್ತಾರೆ. ಬಾಗಿಲು, ಬುರುಜು, ಕೋಟೆ ಎಂಬ ಮೂರು ಮಾತುಗಳು ಊರವರ ದಿನಬಳಕೆಯಲ್ಲಿ ಸೇರಿಹೋಗಿವೆ.

ಹೀಗಾಗಿ ನಡಿಗೆಯನ್ನು ಪೇಟೆಯಿಂದ ಆರಂಭಿಸುವುದು ಒಳ್ಳೆಯದು. ಚಿಕ್ಕಪೇಟೆ, ದೊಡ್ಡಪೇಟೆಗಳ ಇಕ್ಕಟ್ಟು ಬೀದಿಗಳು ಬೆಳಗಿನ ಏಳರ ಒಳಗೆ ಕಾಲ್ನಡಿಗೆಯವರ ಪಾಲಿಗಿರುತ್ತವೆ. ರಂಗಯ್ಯನ ಬಾಗಿಲಿನ ಬಳಿ ಸರ್ಕಾರಿ ವಸ್ತುಸಂಗ್ರಹಾಲಯವಿದೆ. ಊರಿನ ದೊಡ್ಡ ಗುಡಿಯಾದ ಉಚ್ಚಂಗಮ್ಮನ ಎರಡು ಅಂತಸ್ತಿನ ದೇವಾಲಯವಿದೆ. ದೊಡ್ಡಪೇಟೆಯ ರಾಜಬೀದಿಯಲ್ಲಿ ವರ್ಷಕ್ಕೊಮ್ಮೆ ಬರಗೇರಮ್ಮ, ತಿಪ್ಪಿನಘಟ್ಟಮ್ಮ ದೇವಿಯರ ಭೇಟಿ ಉತ್ಸವ ನಡೆಯುತ್ತದೆ. ಇವರಿಬ್ಬರೂ ಅಕ್ಕತಂಗಿಯರೆಂದು ಊರಿನ ನಂಬಿಕೆ. ವರ್ಷವಿಡೀ ದೂರವಿದ್ದವರು ಮುಖಾಮುಖಿಯಾಗುವ ಆ ಕೆಲವೇ ನಿಮಿಷಗಳಿಗಾಗಿ ಬೀದಿ ತುಂಬ ಜನ ಕಾದು ನಿಲ್ಲುತ್ತಾರೆ.

ಕೊನೆಯ ಹೊಂಡವೇ ಮೊದಲು

ಪೇಟೆಯಿಂದ ಬೆಟ್ಟಕ್ಕೆ ಹೋಗುವ ದಾರಿಗಳು ಹಲವು. ಅವುಗಳಲ್ಲಿ ಆರಿಸಿಕೊಳ್ಳಬೇಕಾದ್ದು ನೀರಿನ ದಾರಿಯನ್ನು. ಊರ ನಡುವೆ ಇರುವ ಸಂತೆಹೊಂಡ ಅದರ ಮೊದಲ ಗುರುತು. ನಾಲ್ಕೂ ಕಡೆ ಕಲ್ಲಿನ ಮೆಟ್ಟಿಲುಗಳಿರುವ, ನಾಯಕರ ಕಾಲದ ಈ ಹೊಂಡ ತನ್ನ ಉದ್ದೇಶವನ್ನು ಹೆಸರಿನಲ್ಲೇ ಹೇಳುತ್ತದೆ. ನಡೆಯುವವರಿಗೆ ಇದು ಮೊದಲನೆಯದು. ನೀರಿನ ಲೆಕ್ಕದಲ್ಲಿ ಮಾತ್ರ ಇದೇ ಕೊನೆಯದು.

ಬೆಟ್ಟದ ಮೇಲೆ ಗೋಪಾಲಸ್ವಾಮಿ ಹೊಂಡವಿದೆ. ಅದು ತುಂಬಿದರೆ ಹೆಚ್ಚಾದ ನೀರು ಕೆಳಗಿನ ಅಕ್ಕತಂಗಿಯರ ಹೊಂಡಕ್ಕೆ ಇಳಿಯುತ್ತದೆ. ಅದೂ ತುಂಬಿದರೆ ತಪ್ಪಲಿನ ಸಿಹಿನೀರು ಹೊಂಡಕ್ಕೆ. ಅಲ್ಲಿಯೂ ಮಿಕ್ಕಿದ್ದು ಊರೊಳಗಿನ ಸಂತೆಹೊಂಡಕ್ಕೆ. ಮೇಲಿನವರು ಬಳಸಿ ಬಿಟ್ಟದ್ದು ಕೆಳಗಿನವರಿಗೆ ಎಂಬ ಏರ್ಪಾಡು ಇದಲ್ಲ. ಮೇಲೆ ತುಂಬಿ ಮಿಕ್ಕಿದ್ದು ಕೆಳಗೆ ಎಂಬ ಏರ್ಪಾಡು. ಒಂದೊಂದು ಹೊಂಡದಲ್ಲೂ ನೀರು ಸ್ವಲ್ಪ ಹೊತ್ತು ನಿಂತು ಹೂಳನ್ನು ಅಲ್ಲೇ ಬಿಟ್ಟು ತಿಳಿಯಾಗಿ ಮುಂದೆ ಸಾಗುತ್ತದೆ.

ಇಂಥ ಏರ್ಪಾಡು ಇಲ್ಲಿ ಏಕೆ ಬೇಕಾಯಿತು ಎಂಬುದಕ್ಕೆ ಉತ್ತರ ಕಾಲಡಿಯ ಬಂಡೆಯಲ್ಲೇ ಇದೆ. ದುರ್ಗದ್ದು ಹೆಬ್ಬಂಡೆಗಳ ಬೆಟ್ಟ. ಬಂಡೆ ನೀರನ್ನು ಹೀರುವುದಿಲ್ಲ. ಮಣ್ಣಿನ ಗುಡ್ಡವಾದರೆ ಬಿದ್ದ ಮಳೆಯಲ್ಲಿ ಒಂದಿಷ್ಟನ್ನು ಒಳಗಿಟ್ಟುಕೊಂಡು ನಿಧಾನವಾಗಿ ಬಿಡುತ್ತದೆ. ಬಂಡೆಯ ಮೇಲೆ ಬಿದ್ದ ಮಳೆ ಗಳಿಗೆಯಲ್ಲಿ ಜಾರಿ ಹೋಗುತ್ತದೆ. ಮಳೆಯೇ ಅಪರೂಪವಾದ ಬಯಲುಸೀಮೆಯಲ್ಲಿ ಹೀಗೆ ಜಾರಿ ಹೋದದ್ದು ಮತ್ತೆ ಸಿಗುವುದಿಲ್ಲ. ಹತ್ತಿರದಲ್ಲಿ ತುಂಬಿ ಹರಿಯುವ ಹೊಳೆಯೂ ಇಲ್ಲ. ಆದರೆ ಇದೇ ದೋಷ ಗುಣವೂ ಹೌದು. ಹೀರದ ಬಂಡೆಯ ಮೇಲೆ ಬಿದ್ದ ನೀರನ್ನು ಒಂದು ಮೂಲೆಯಲ್ಲಿ ತಡೆದು ನಿಲ್ಲಿಸಿದರೆ ಅದು ತಳಕ್ಕೆ ಇಂಗಿಯೂ ಹೋಗುವುದಿಲ್ಲ. ಬೇಕಾದದ್ದು ಒಂದೇ, ಓಡುವ ನೀರನ್ನು ನಿಲ್ಲಿಸುವ ಜಾಣತನ.

ಓಟಕ್ಕೆ ಅಡ್ಡ

ಕೋಟೆಯ ಬಾಗಿಲುಗಳ ಒಳಹೊಕ್ಕರೆ ಇದೇ ಜಾಣತನ ಇನ್ನೊಂದು ರೂಪದಲ್ಲಿ ಕಾಣುತ್ತದೆ. ಒಂದು ಬಾಗಿಲಿನಲ್ಲಿ ನಿಂತು ನೋಡಿದರೆ ಮುಂದಿನ ಬಾಗಿಲು ಕಾಣುವುದಿಲ್ಲ. ಎದುರಿಗೆ ಗೋಡೆ. ಎಡಕ್ಕೋ ಬಲಕ್ಕೋ ತಿರುಗಬೇಕು, ನಾಲ್ಕು ಹೆಜ್ಜೆ ಹೋಗಿ ಮತ್ತೆ ತಿರುಗಬೇಕು. ದಾಳಿಯ ಆನೆ ಬಾಗಿಲನ್ನು ಮುರಿಯಬೇಕಾದರೆ ಅದಕ್ಕೆ ಓಡಿ ಬರಲು ಜಾಗ ಬೇಕು. ಇಲ್ಲಿ ಆ ಜಾಗವೇ ಇಲ್ಲ. ಕುದುರೆಯ ವೇಗವೂ ಇಲ್ಲಿ ನಡೆಯದು. ಇಕ್ಕಟ್ಟಿನಲ್ಲಿ ತಿರುಗುತ್ತ ನಿಂತವರ ಮೇಲೆ ಗೋಡೆಯ ಮೇಲಿನವರು ಕಲ್ಲು, ಈಟಿ, ಗುಂಡು ಏನನ್ನಾದರೂ ಸುರಿಸಬಹುದು. ಗಾರೆಯಿಲ್ಲದೆ ಒಂದಕ್ಕೊಂದು ಬೆಸೆದಂತೆ ಕೂಡಿಸಿದ ದಪ್ಪ ಕಲ್ಲುಗಳನ್ನು ಕೈಯಿಂದ ಮುಟ್ಟಿ ನೋಡಬೇಕೆನಿಸುವುದೂ ಈ ತಿರುವುಗಳಲ್ಲೇ. ಪ್ರವೇಶದ ಬಳಿಯ ಗೋಡೆಯಲ್ಲಿ ಕೊರೆದ ಹಾವು, ಗಂಡಭೇರುಂಡಗಳು ಅವಸರದಲ್ಲಿ ಹೋಗುವವರ ಕಣ್ಣಿಗೆ ಬೀಳುವುದಿಲ್ಲ.

ಏಳು ಸುತ್ತಿನ ಗುಟ್ಟು ಹೀಗೆ ಒಂದೇ ಮಾತಿನದು. ಶತ್ರುವಿನ ಓಟವನ್ನು ಬಾಗಿಲುಗಳು ತಡೆದವು, ಮಳೆಯ ಓಟವನ್ನು ಹೊಂಡಗಳು ತಡೆದವು. ಗೋಡೆ ಎಷ್ಟೇ ಗಟ್ಟಿಯಿದ್ದರೂ ಒಳಗಿನವರಿಗೆ ಕುಡಿಯಲು ನೀರಿಲ್ಲದಿದ್ದರೆ ಮುತ್ತಿಗೆ ಹಾಕಿದವನು ಹೊರಗೆ ಸುಮ್ಮನೆ ಕೂತರೂ ಗೆಲ್ಲುತ್ತಾನೆ. ಹೊಂಡಗಳೂ ಬುರುಜುಗಳಷ್ಟೇ ಮುಖ್ಯವಾದ ರಕ್ಷಣೆ ಎಂಬುದನ್ನು ಕಟ್ಟಿದವರು ಅರಿತಿದ್ದರು.

ಬೆಟ್ಟದ ಮೇಲೆ ನಾಯಕರಿಗಿಂತ ಹಿಂದಿನ ಅರಸು ಮನೆತನಗಳ ಕುರುಹುಗಳೂ ಇವೆ. ಆದರೆ ಕೋಟೆಯ ಇಂದಿನ ರೂಪದ ಬಹುಪಾಲು ನಾಯಕರದು. ವಿಜಯನಗರದ ಅಧೀನದಲ್ಲಿ 1568ರಲ್ಲಿ ತಿಮ್ಮಣ್ಣನಾಯಕನಿಂದ ಆರಂಭವಾದ ಈ ಮನೆತನ ಎರಡು ಶತಮಾನಕ್ಕೂ ಹೆಚ್ಚು ಕಾಲ ಆಳಿತು. 1779ರಲ್ಲಿ ಹೈದರಾಲಿ ದುರ್ಗವನ್ನು ವಶಪಡಿಸಿಕೊಂಡು ಕೊನೆಯ ಮದಕರಿನಾಯಕನನ್ನು ಶ್ರೀರಂಗಪಟ್ಟಣಕ್ಕೆ ಸಾಗಿಸಿದ. ಈ ಕೊನೆಯ ದಿನಗಳನ್ನು ಕುರಿತ ತ.ರಾ.ಸು. ಅವರ ‘ದುರ್ಗಾಸ್ತಮಾನ’ ಕಾದಂಬರಿಗೆ 1985ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಆ ವೇಳೆಗೆ ಲೇಖಕರು ತೀರಿಕೊಂಡಿದ್ದರು.

ನೀರು ತರಲು ಹೋದವಳು

ದುರ್ಗದ ಅತ್ಯಂತ ಪ್ರಸಿದ್ಧ ಕಥೆಯೂ ನೀರಿನದೇ. ಹೈದರನ ಸೈನ್ಯ ಮುತ್ತಿಗೆ ಹಾಕಿದ್ದ ಕಾಲ. ಕಾವಲುಗಾರ ಕಹಳೆ ಮುದ್ದಹನುಮ ಊಟಕ್ಕೆಂದು ಮನೆಗೆ ಬಂದಿದ್ದಾನೆ. ಗಂಡನಿಗೆ ಕುಡಿಯಲು ನೀರು ತರಲು ಓಬವ್ವ ಹೊರಟಿದ್ದಾಳೆ. ಬಂಡೆಗಳ ಸಂದಿನಲ್ಲಿ ಒಬ್ಬೊಬ್ಬರಾಗಿ ತೂರಿ ಬರುತ್ತಿದ್ದ ಶತ್ರುಗಳು ಅವಳಿಗೆ ಕಂಡದ್ದು ಆಗ. ಒನಕೆ ಹಿಡಿದು ಕಿಂಡಿಯ ಬಾಯಲ್ಲಿ ನಿಂತವಳ ಮುಂದಿನ ಕಥೆ ಎಲ್ಲರಿಗೂ ಗೊತ್ತು. 1972ರಲ್ಲಿ ತೆರೆಕಂಡ ಪುಟ್ಟಣ್ಣ ಕಣಗಾಲರ ‘ನಾಗರಹಾವು’ ಚಿತ್ರದಲ್ಲಿ ಜಯಂತಿ ಅವರ ಓಬವ್ವನನ್ನು ಕಂಡ ಮೇಲಂತೂ ಕಿಂಡಿ ನಾಡಿನ ಮನೆಮಾತಾಯಿತು. 2021ರಿಂದ ರಾಜ್ಯ ಸರ್ಕಾರ ನವೆಂಬರ್ 11ರಂದು ಓಬವ್ವ ಜಯಂತಿ ಆಚರಿಸುತ್ತಿದೆ.

ಕಿಂಡಿಯ ಮುಂದೆ ನೂಕುನುಗ್ಗಲು ಮಾಡುವ ಪ್ರವಾಸಿಗರು ಹತ್ತಿರದಲ್ಲೇ ಇರುವ ತಣ್ಣೀರು ದೋಣಿಯತ್ತ ಹೆಚ್ಚಾಗಿ ತಿರುಗಿ ನೋಡುವುದಿಲ್ಲ. ವರ್ಷವಿಡೀ ತಣ್ಣನೆಯ ನೀರು ನಿಲ್ಲುವ ಸಣ್ಣ ತಾಣ ಅದು. ಓಬವ್ವ ಕೊಡ ಹಿಡಿದು ಹೊರಟದ್ದು ಏಕೆಂದು ಅರ್ಥವಾಗಬೇಕಾದರೆ ಅಲ್ಲಿ ಎರಡು ನಿಮಿಷ ನಿಲ್ಲಬೇಕು. ಮೇಲಿನ ಅಕ್ಕತಂಗಿಯರ ಹೊಂಡಕ್ಕೂ ಒಂದು ಕಥೆ ಅಂಟಿಕೊಂಡಿದೆ. ದುರ್ಗ ಬಿದ್ದಾಗ ನಾಯಕನ ಇಬ್ಬರು ರಾಣಿಯರು ಇದೇ ನೀರಿಗೆ ಹಾರಿದರು ಎಂದು ಜನ ಹೇಳುತ್ತಾರೆ.

ಇಲ್ಲಿಂದ ಮೇಲಕ್ಕೆ ಸಂಪಿಗೆ ಸಿದ್ಧೇಶ್ವರ, ಹಿಡಿಂಬೇಶ್ವರ, ಏಕನಾಥೇಶ್ವರಿ, ಗೋಪಾಲಕೃಷ್ಣ ದೇವಾಲಯಗಳು, ಮುರುಘಾಮಠ, ಉಯ್ಯಾಲೆ ಕಂಬ, ಟಂಕಸಾಲೆ ಎಲ್ಲವೂ ಸಾಲಾಗಿ ಸಿಗುತ್ತವೆ. ಗಟ್ಟಿ ಅಟ್ಟೆಯ ಚಪ್ಪಲಿ ಅಥವಾ ಬೂಟು, ಒಂದು ಬಾಟಲಿ ನೀರು, ತಲೆಗೊಂದು ಟವೆಲ್ಲು ಜತೆಗಿರಲಿ. ಬಿಸಿಲೇರಿದ ಮೇಲೆ ಬಂಡೆ ಕಾದ ಹೆಂಚಿನಂತಾಗುತ್ತದೆ. ಮಳೆ ಬಿದ್ದ ಮರುದಿನ ಬೆಳಿಗ್ಗೆ ಹೋದವರಿಗೆ ಹೊಂಡಗಳ ಸೊಬಗು ಹೆಚ್ಚು, ಆದರೆ ಪಾಚಿಗಟ್ಟಿದ ಮೆಟ್ಟಿಲುಗಳ ಮೇಲೆ ಎಚ್ಚರ ಬೇಕು. ಇಳಿದು ಬಂದವರಿಗೆ ಪೇಟೆಯ ಗಾಡಿಗಳ ಮಂಡಕ್ಕಿ, ಮೆಣಸಿನಕಾಯಿ ಬೋಂಡ ಸಂಜೆಯವರೆಗೂ ಕಾದಿರುತ್ತದೆ.

ಚಂದ್ರವಳ್ಳಿಯ ಸಾಕ್ಷಿ

ಅರ್ಧ ದಿನ ಉಳಿದಿದ್ದರೆ ಬೆಟ್ಟದ ಇನ್ನೊಂದು ಮಗ್ಗುಲಿನ ಚಂದ್ರವಳ್ಳಿಗೂ ನಡೆಯಬಹುದು. ಅಲ್ಲಿನ ಭೈರವೇಶ್ವರ ಗುಡಿಯ ಬಳಿಯ ಬಂಡೆಯ ಮೇಲೆ ಕದಂಬ ಮಯೂರಶರ್ಮನ ಪ್ರಾಕೃತ ಶಾಸನವಿದೆ. 1929ರಲ್ಲಿ ಡಾ. ಎಂ.ಎಚ್. ಕೃಷ್ಣ ಅವರು ಅದನ್ನು ಓದಿ ಬೆಳಕಿಗೆ ತಂದರು. ಅದೇ ಜಾಗದಲ್ಲಿ 1947ರಲ್ಲಿ ಮಾರ್ಟಿಮರ್ ವೀಲರ್ ಕೂಡ ಉತ್ಖನನ ನಡೆಸಿದರು. ಕ್ರಿ.ಶ. ನಾಲ್ಕನೆಯ ಶತಮಾನದ ಆ ಶಾಸನ ದೊರೆ ಗೆದ್ದ ನಾಡುಗಳ ಹೆಸರುಗಳನ್ನು ಪಟ್ಟಿ ಮಾಡುತ್ತದೆ. ಆದರೆ ಅದನ್ನು ಕೆತ್ತಿಸಿದ ಕಾರಣ ಯುದ್ಧವಲ್ಲ, ಒಂದು ಕೆರೆ. ಕನ್ನಡ ನಾಡಿನ ಮೊದಲ ರಾಜವಂಶದ ಮೊದಲ ದೊರೆ ಈ ಬೆಟ್ಟದ ಬುಡದಲ್ಲಿ ತನ್ನ ಹೆಸರನ್ನು ಉಳಿಸಿಹೋದದ್ದು ಕೆರೆಯ ಕೆಲಸದೊಂದಿಗೆ. ನಾಯಕರ ಹೊಂಡಗಳಿಗೆ ಸಾವಿರ ವರ್ಷಕ್ಕೂ ಹಿಂದಿನ ಹಿರಿಯಣ್ಣ ಅದು.

ಊರಿಗೆ ಉಳಿದ ಪ್ರಶ್ನೆ

ಇಂದಿನ ಚಿತ್ರದುರ್ಗಕ್ಕೆ ಕುಡಿಯುವ ನೀರು ಬರುವುದು ಬೆಟ್ಟದಿಂದಲ್ಲ. ಚನ್ನಗಿರಿ ತಾಲ್ಲೂಕಿನ ಶಾಂತಿಸಾಗರದಿಂದ, ಹಿರಿಯೂರಿನ ಬಳಿಯ ವಾಣಿವಿಲಾಸ ಸಾಗರದಿಂದ ಕೊಳವೆಗಳಲ್ಲಿ ಬರುತ್ತದೆ. ವೇದಾವತಿಗೆ ಅಡ್ಡಲಾಗಿ 1898ರಲ್ಲಿ ಆರಂಭಿಸಿ 1907ರಲ್ಲಿ ಮುಗಿಸಿದ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದಿತ್ತು. ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ, ಅಂದರೆ 89 ವರ್ಷಗಳ ನಂತರ. ಮಳೆಯನ್ನು ನಂಬಿ ಬದುಕುವ ಸೀಮೆ ಎಂದರೆ ಏನು ಎಂಬುದಕ್ಕೆ ಈ ಅಂಕಿಗಿಂತ ಬೇರೆ ವಿವರಣೆ ಬೇಕಿಲ್ಲ.

ಕೊಳವೆ ಬಂದ ಮೇಲೆ ಹೊಂಡದ ಹಂಗು ತಪ್ಪಿತು. ಹಂಗು ತಪ್ಪಿದ ಮೇಲೆ ಲಕ್ಷ್ಯವೂ ತಪ್ಪಿತು. ಬೆಟ್ಟದ ಮೇಲಿನವು ಪುರಾತತ್ವ ಇಲಾಖೆಯ ಕಣ್ಗಾವಲಿನಲ್ಲಿವೆ. ಊರೊಳಗಿನ ಹೊಂಡಗಳ ಪಾಡು ಅಷ್ಟು ಸುಲಭದ್ದಲ್ಲ. ಕಸ, ಪ್ಲಾಸ್ಟಿಕ್ಕು, ಚರಂಡಿಯ ನೀರು ಒಳಗಿಳಿಯುತ್ತವೆ. ಆಗಾಗ ಹೂಳೆತ್ತುವ, ತೊಳೆಯುವ ಕೆಲಸ ನಡೆಯುತ್ತದೆ, ಮತ್ತೆ ಕೆಲವು ಮಳೆಗಾಲಗಳಲ್ಲಿ ಮೊದಲಿನ ಸ್ಥಿತಿ. ಒಂದು ಹೊಂಡವನ್ನು ಮಾತ್ರ ಶುಚಿ ಮಾಡಿದರೆ ಸಾಲದು ಎಂಬುದನ್ನು ಈ ನಡಿಗೆ ಕಲಿಸುತ್ತದೆ. ನಾಲ್ಕು ಹೊಂಡಗಳು ನಾಲ್ಕು ಬೇರೆ ಬೇರೆ ನೀರಲ್ಲ, ಒಂದೇ ನೀರಿನ ನಾಲ್ಕು ತಂಗುದಾಣಗಳು. ನಡುವಿನ ಕಾಲುವೆಯ ಮೇಲೆ ಒಂದು ಮನೆಯೋ ರಸ್ತೆಯೋ ಎದ್ದರೆ ಕೆಳಗಿನ ಹೊಂಡಕ್ಕೆ ಬೆಟ್ಟದ ಮಳೆ ತಲುಪುವುದಿಲ್ಲ. ತಲುಪುವುದು ಚರಂಡಿ ಮಾತ್ರ.

ದುರ್ಗವನ್ನು ವಾಹನದಲ್ಲಿ ನೋಡಿದವರಿಗೆ ಇದು ತಿಳಿಯುವುದು ಕಷ್ಟ. ಅವರಿಗೆ ಸಂತೆಹೊಂಡ ಒಂದು ಕಡೆ, ಕೋಟೆ ಇನ್ನೊಂದು ಕಡೆ. ಕೆಳಗಿನ ಮೆಟ್ಟಿಲಿನಿಂದ ಮೇಲಿನ ಗುಡಿಯವರೆಗೆ ನಡೆದವರಿಗಷ್ಟೇ ಎರಡೂ ಒಂದೇ ಊರಿನ ಒಂದೇ ಕಟ್ಟಡವೆಂದು ಕಾಣುತ್ತದೆ. ಪ್ರವಾಸಿಗರಿಗಿಂತ ಮೊದಲು ಈ ನಡಿಗೆಯನ್ನು ದುರ್ಗದ ಶಾಲಾ ಮಕ್ಕಳು ಮಾಡಬೇಕು. ಮುಂದೆ ಊರಿನ ಕಾಲುವೆಗಳ ಮೇಲೆ ಕಟ್ಟಡಕ್ಕೆ ಪರವಾನಗಿ ಕೊಡಬೇಕೆ, ಬೇಡವೆ ಎಂದು ತೀರ್ಮಾನಿಸುವವರು ಆ ಮಕ್ಕಳೇ.