ಇಂಜಿನ್ನಿನ ಪರಕಾಯ ಪ್ರವೇಶ

ಕಳೆದ ಯುಗಾದಿ ಸಭೆಯಲ್ಲಿ ಕಾಫಿ ಲೋಟ ಹಿಡಿದು ನಿಂತಿದ್ದಾಗ ಹಿರಿಯರೊಬ್ಬರು ನನ್ನನ್ನು ಹಿಡಿದು ಕೇಳಿದರು: "ಅಲ್ಲಾರೀ, ಸಾಫ್ಟ್‌ವೇರಿನೋರು ನೀವು. ಬೆಂಜ್ ಹುಟ್ಟಿದ ನಾಡಲ್ಲಿದ್ದೀರಿ. ಅದೇನು ಇನ್ನೂ ಆ ಹಳೇ ಜಪಾನಿ ಡಬ್ಬದಲ್ಲೇ ಬರ್ತೀರಿ?" ಸುತ್ತಲಿದ್ದವರು ನಕ್ಕರು, ನಾನೂ ನಕ್ಕೆ. ಉತ್ತರ ಕಾಫಿ ಲೋಟದಷ್ಟು ಚಿಕ್ಕದಲ್ಲ. ಅದರಲ್ಲಿ ಒಂದಿಷ್ಟು ಜರ್ಮನಿಯ ಚರಿತ್ರೆ, ಒಂದಿಷ್ಟು ಜಪಾನಿನದು, ಸ್ವಲ್ಪ ಶಿವಮೊಗ್ಗದ್ದೂ ಇದೆ. ಹಾಗಾಗಿ ಈ ಲೇಖನ.

ಶಿವಮೊಗ್ಗದಿಂದಲೇ ಶುರು ಮಾಡುತ್ತೇನೆ. ನನ್ನ ಸೋದರಮಾವನದ್ದೊಂದು ಟೂರಿಸ್ಟ್ ಟ್ಯಾಕ್ಸಿ ಇತ್ತು, ಅಂಬಾಸಿಡರ್. ಜೋಗಕ್ಕೆ, ಆಗುಂಬೆಗೆ ಜನರನ್ನು ಕರೆದೊಯ್ಯುವುದು ಅವರ ಕಸುಬು. ಪೆಟ್ರೋಲಿನ ಖರ್ಚು ತಾಳಲಾರದೆ 1990ರ ಸುಮಾರಿಗೆ ಅದರ ಇಂಜಿನ್ ಇಳಿಸಿ, ಗುಜರಿಯಿಂದ ತಂದ ಮೆಟಡೋರ್ ವ್ಯಾನಿನ ಡೀಸೆಲ್ ಇಂಜಿನ್ ಕೂರಿಸಿದರು. ಆಗ ನಮ್ಮ ಕಡೆ ಇದು ಬಹಳ ಸಾಮಾನ್ಯ. ಮೆಟಡೋರ್ ತಯಾರಿಸುತ್ತಿದ್ದ ಬಜಾಜ್ ಟೆಂಪೋ 1958ರಲ್ಲಿ ಜರ್ಮನಿಯ ಹ್ಯಾಂಬರ್ಗಿನ ಟೆಂಪೋ ಕಾರ್ಖಾನೆಯ ಸಹಯೋಗದಲ್ಲಿ ಹುಟ್ಟಿದ್ದು. ಅಂಬಾಸಿಡರ್ ಮೂಲತಃ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್. ಮಾವ ಬಾನೆಟ್ ಎತ್ತಿ ತೋರಿಸಿ ಹೇಳುತ್ತಿದ್ದರು: "ನೋಡೋ, ಮೈ ಬ್ರಿಟಿಷರದ್ದು, ಜೀವ ಜರ್ಮನಿಯದ್ದು, ಓಡ್ಸೋನು ಶಿವಮೊಗ್ಗದೋನು!"

ಶಂಕರಾಚಾರ್ಯರು ಅಮರುಕ ರಾಜನ ದೇಹವನ್ನು ಹೊಕ್ಕ ಕಥೆ ನೀವೆಲ್ಲ ಕೇಳಿರುತ್ತೀರಿ. ಅಜ್ಜಿ ಆ ಕಥೆ ಹೇಳಿದಾಗಲೆಲ್ಲ ನನಗೆ ಕಣ್ಣ ಮುಂದೆ ಬರುತ್ತಿದ್ದದ್ದು ಮಾವನ ಅಂಬಾಸಿಡರ್ರೇ.

ಈಗ ಜರ್ಮನಿಗೆ ಬರೋಣ. ನಮ್ಮ ಊರಿನಿಂದ ಸ್ವಲ್ಪ ದೂರದಲ್ಲೇ, ನೆಕಾರ್ ನದಿಯ ದಡದಲ್ಲಿ ನೆಕಾರ್ಸುಲ್ಮ್ ಎಂಬ ಊರಿದೆ. ಇಲ್ಲಿದ್ದ ಎನ್‌ಎಸ್‌ಯು ಕಾರ್ಖಾನೆಯಲ್ಲಿ 1957ರ ಫೆಬ್ರವರಿಯಲ್ಲಿ ಒಂದು ವಿಚಿತ್ರ ಇಂಜಿನ್ ಮೊದಲ ಬಾರಿ ಓಡಿತು. ಫೆಲಿಕ್ಸ್ ವಾಂಕೆಲ್ ಎಂಬಾತನ ಕನಸು ಅದು. ಪಿಸ್ಟನ್ ಮೇಲೆ ಕೆಳಗೆ ಕುಣಿಯುವುದಿಲ್ಲ; ಅದರ ಬದಲು ಮೂರು ಮೂಲೆಯ ಒಂದು ರೋಟರ್, ನಡು ಸಣ್ಣಗಿರುವ ಕೋಣೆಯೊಳಗೆ ಸುತ್ತುತ್ತದೆ. ಭಾಗಗಳು ಕಡಿಮೆ, ಅದುರುವಿಕೆ ಇಲ್ಲವೆನ್ನುವಷ್ಟು ಕಡಿಮೆ. ಕಂಪನಿಯ ಇಂಜಿನಿಯರ್ ಹಾನ್ಸ್ ಡೀಟರ್ ಪಾಷ್ಕೆ ಅದನ್ನು ಸರಳಗೊಳಿಸಿ ಕಾರಿಗೆ ಒಗ್ಗುವಂತೆ ಮಾಡಿದ. ಜಗತ್ತಿನ ದೊಡ್ಡ ದೊಡ್ಡ ಕಂಪನಿಗಳು ಲೈಸೆನ್ಸಿಗಾಗಿ ನೆಕಾರ್ಸುಲ್ಮಿಗೆ ಬಂದವು. ಹಿರೋಶಿಮಾದ ಟೋಯೊ ಕೋಗ್ಯೊ, ಅಂದರೆ ಇಂದಿನ ಮಾಜ್ದಾ, 1961ರಲ್ಲಿ ಒಪ್ಪಂದ ಮಾಡಿಕೊಂಡಿತು.

1967ರಲ್ಲಿ ಎನ್‌ಎಸ್‌ಯು ತನ್ನ 'ರೋ 80' ಕಾರನ್ನು ತಂದಿತು. ಕ್ಲಾಸ್ ಲೂಥೆ ಬಿಡಿಸಿದ ರೂಪ. ಇಂದು ನೋಡಿದರೂ ಹಳತೆನ್ನಿಸದು. ಎರಡು ರೋಟರ್, 995 ಸಿಸಿ, 115 ಅಶ್ವಶಕ್ತಿ. 1968ರ 'ಯುರೋಪಿನ ವರ್ಷದ ಕಾರು' ಪ್ರಶಸ್ತಿಯೂ ಬಂತು. ಆದರೆ ರೋಟರಿನ ಮೂರು ಮೂಲೆಗಳಲ್ಲಿ ಕೂತು ಗಾಳಿ ಸೋರದಂತೆ ತಡೆಯಬೇಕಾದ ಪುಟ್ಟ ಸೀಲುಗಳು ಸವೆದುಹೋಗುತ್ತಿದ್ದವು. ಬೆಳಿಗ್ಗೆ ತಣ್ಣಗಿನ ಇಂಜಿನ್ ಶುರು ಮಾಡಿ ಎರಡು ಕಿಲೋಮೀಟರ್ ಬೇಕರಿಗೆ ಹೋಗಿ ಬರುವವರ ಕಾರು ಬೇಗ ಕೆಡುತ್ತಿತ್ತು. ಸದ್ದೇ ಇಲ್ಲದ ಇಂಜಿನ್ನಾದ್ದರಿಂದ ಅತಿವೇಗದಲ್ಲಿ ತಿರುಗಿಸುತ್ತಿದ್ದೇವೆಂಬುದು ಚಾಲಕನಿಗೆ ಗೊತ್ತೂ ಆಗುತ್ತಿರಲಿಲ್ಲ. ಆಮೇಲೆ ಎಚ್ಚರಿಸಲು ಬಜರ್ ಇಡಬೇಕಾಯಿತು! ವಾರಂಟಿಯಲ್ಲಿ ಇಂಜಿನ್ ಬದಲಿಸಿಕೊಟ್ಟೂ ಕೊಟ್ಟೂ ಕಂಪನಿ ಹೈರಾಣಾಯಿತು. ರೋ 80 ಮಾಲೀಕರು ರಸ್ತೆಯಲ್ಲಿ ಎದುರಾದಾಗ ಕೈಬೀಸುವ ಬದಲು ಬೆರಳೆತ್ತಿ ತೋರಿಸುತ್ತಿದ್ದರಂತೆ: ನನ್ನದು ಮೂರನೇ ಇಂಜಿನ್ನು, ನಿಮ್ಮದು? ಇದು ಇಲ್ಲಿನ ಹಳೇ ಕಾರುಪ್ರೇಮಿಗಳೆಲ್ಲ ಹೇಳುವ ಕಥೆ. 1969ರಲ್ಲಿ ಎನ್‌ಎಸ್‌ಯು, ಆಟೋ ಯೂನಿಯನ್ ಜೊತೆ ವಿಲೀನವಾಗಿ ಫೋಕ್ಸ್‌ವ್ಯಾಗನ್ನಿನ ಮಡಿಲಿಗೆ ಬಿತ್ತು. 1977ರಲ್ಲಿ ರೋ 80 ನಿಂತಾಗ ತಯಾರಾಗಿದ್ದದ್ದು ಸುಮಾರು 37 ಸಾವಿರ ಕಾರು.

ಹಿರೋಶಿಮಾದಲ್ಲೇನಾಯಿತು? ಅಲ್ಲೂ ಅದೇ ರೋಗ. ಕೋಣೆಯ ಒಳಗೋಡೆಯ ಮೇಲೆ ಗೆರೆ ಗೆರೆ ಗಾಯ. 'ದೆವ್ವದ ಉಗುರಿನ ಗುರುತು' ಎಂದು ಅದಕ್ಕೆ ಅವರಿಟ್ಟ ಹೆಸರು. ಕೆನಿಚಿ ಯಾಮಾಮೊಟೊ ನೇತೃತ್ವದಲ್ಲಿ 47 ಇಂಜಿನಿಯರುಗಳು ಹಗಲಿರುಳು ಕೂತು, ಅಲ್ಯೂಮಿನಿಯಮ್ ಬೆರೆತ ಇಂಗಾಲದ ಸೀಲು ಮಾಡಿ ಆ ಉಗುರನ್ನು ಕತ್ತರಿಸಿದರು. 1967ರಲ್ಲೇ ಕಾಸ್ಮೋ ಸ್ಪೋರ್ಟ್ ಬಂತು. ಮರುವರ್ಷ ಅದು ಜರ್ಮನಿಗೇ ಬಂದು, ನ್ಯೂರ್ಬುರ್ಗ್‌ರಿಂಗ್‌ನ 84 ಗಂಟೆಗಳ ಓಟದಲ್ಲಿ ನಾಲ್ಕನೆಯದಾಗಿ ಮುಗಿಸಿತು. 1991ರಲ್ಲಿ ಮಾಜ್ದಾ 787ಬಿ ಲೆ ಮಾನ್ಸ್ ಗೆದ್ದಿತು. ಚಾಲಕರಲ್ಲೊಬ್ಬ ಜರ್ಮನಿಯ ಫೋಲ್ಕರ್ ವೈಡ್ಲರ್. ವಾಂಕೆಲ್ ಅದನ್ನು ನೋಡಲಿಲ್ಲ, 1988ರಲ್ಲೇ ತೀರಿಕೊಂಡಿದ್ದ. ನಮ್ಮಲ್ಲಿ ಹೇಳುವುದಿಲ್ಲವೇ, ಹಿತ್ತಲ ಗಿಡ ಮದ್ದಲ್ಲ ಅಂತ? ಇಲ್ಲಿ ಹಿತ್ತಲ ಗಿಡವನ್ನು ಕಿತ್ತುಕೊಂಡು ಹೋಗಿ ಇನ್ನೊಬ್ಬರು ತೋಟ ಮಾಡಿದರು.

ಕಥೆಯ ನಿಜವಾದ ತಿರುವು ಇರುವುದು ಮುಂದೆ. ಕೆಟ್ಟ ಇಂಜಿನ್ನಿನ ರೋ 80ಗಳು ಕೊಟ್ಟಿಗೆಗಳಲ್ಲಿ ನಿಂತುಹೋದವು. ಮೈ ಚೆನ್ನಾಗಿದೆ, ಜೀವವಿಲ್ಲ. ಕೆಲವರು, ಅದರಲ್ಲೂ ಇಂಗ್ಲೆಂಡಿನವರು, ಫೋರ್ಡಿನ ವಿ4 ಇಂಜಿನ್ ಹಾಕಿದರು. ಮೋಟು ಇಂಜಿನ್ ಆದ್ದರಿಂದ ಆ ಚಿಕ್ಕ ಜಾಗದಲ್ಲಿ ಹಿಡಿಸುತ್ತಿತ್ತು. ಆದರೆ ಅದರ ಗಡಗಡ ಸದ್ದಿಗೆ ರೋ 80ಯ ಮರ್ಯಾದೆಯೇ ಹೋಯಿತು. ಇನ್ನು ಕೆಲವರು ಮಾಜ್ದಾ ಆರ್‌ಎಕ್ಸ್-7ರ ರೋಟರಿ ಇಂಜಿನ್ ತಂದು, ಗೇರ್ ಬಾಕ್ಸಿಗೆ ಹೊಂದುವ ತಟ್ಟೆ ಮಾಡಿಸಿ ಕೂರಿಸಿದರು. ನೆಕಾರ್ಸುಲ್ಮಿನಲ್ಲಿ ಹುಟ್ಟಿ ಹಿರೋಶಿಮಾದಲ್ಲಿ ಬೆಳೆದ ಇಂಜಿನ್, ತವರಿನ ಕಾರಿಗೆ ಮರಳಿತು. ಇದಕ್ಕಿಂತ ದೊಡ್ಡ ಪರಕಾಯ ಪ್ರವೇಶ ಬೇಕೇ?

ಜಪಾನಿ ಕಾರುಗಳು ಜರ್ಮನಿಗೆ ದಂಡಾಗಿ ಬಂದದ್ದು 1970ರ ದಶಕದಲ್ಲಿ. ಟೊಯೊಟಾ ಕಲೋನಿನಲ್ಲಿ, ನಿಸಾನ್ ನಾಯ್ಸ್‌ನಲ್ಲಿ, ಮಾಜ್ದಾ ಲೆವರ್ಕುಸೆನ್ನಿನಲ್ಲಿ ಕಚೇರಿ ತೆರೆದವು. ಜನ ಮೊದಲು ಅಕ್ಕಿ ತಿನ್ನುವವರ ಕಾರೆಂದು ಮೂಗು ಮುರಿದರು. ಆದರೆ 1980ರ ಹೊತ್ತಿಗೆ ಪಶ್ಚಿಮ ಜರ್ಮನಿಯಲ್ಲಿ ಮಾರಾಟವಾದ ಹೊಸ ಕಾರುಗಳಲ್ಲಿ ಸುಮಾರು ಹತ್ತರಲ್ಲಿ ಒಂದು ಜಪಾನಿನದು. ಅಗ್ಗ, ಕೆಡುವುದಿಲ್ಲ, ರೇಡಿಯೋಗೆ ಬೇರೆ ದುಡ್ಡು ಕೊಡಬೇಕಿಲ್ಲ. ಕೊಂಡವರು ನರ್ಸುಗಳು, ಪೋಸ್ಟ್‌ಮನ್ನರು, ಪಿಂಚಣಿದಾರರು. ಅದನ್ನು ಪೂಜೆ ಮಾಡಲಿಲ್ಲ, ಓಡಿಸಿದರು. ಚಳಿಗಾಲದಲ್ಲಿ ರಸ್ತೆಗೆ ಸುರಿದ ಉಪ್ಪು ತಿಂದು ತುಕ್ಕು ಹಿಡಿದಾಗ ಗುಜರಿಗೆ ಕೊಟ್ಟರು. ಬೆಂಜಿನ ಹಳೇ ಕಾರಿಗೆ ಸಂಘವಿದೆ, ಕಂಪನಿಯೇ ಬಿಡಿಭಾಗ ಕೊಡುತ್ತದೆ. ಬಡವರ ಜಪಾನಿ ಕಾರಿಗೆ ಅಂಥ ನೆಂಟರು ಕಡಿಮೆ.

2006ರಲ್ಲಿ, ಎಂ.ಎಸ್. ಮುಗಿಸಿ ಮೊದಲ ಕೆಲಸಕ್ಕೆ ಸೇರಿದಾಗ ನಾನು ಕೊಂಡದ್ದು ಅಂಥದ್ದೇ ಒಂದು: 1988ರ ಮಾಜ್ದಾ 323, 1.3 ಲೀಟರ್, ಏಳು ನೂರು ಯೂರೋ. ಮಗಳು ಹುಟ್ಟಿದಾಗ ಆಸ್ಪತ್ರೆಯಿಂದ ಮನೆಗೆ ತಂದದ್ದು ಅದರಲ್ಲೇ.

2009ರಲ್ಲಿ ಸರ್ಕಾರ ಗುಜರಿ ಬಹುಮಾನ ಘೋಷಿಸಿತು. ಒಂಬತ್ತು ವರ್ಷಕ್ಕಿಂತ ಹಳೆಯ ಕಾರನ್ನು ಗುಜರಿಗೆ ಹಾಕಿ ಹೊಸತು ಕೊಂಡರೆ 2,500 ಯೂರೋ. ಅದಕ್ಕೆ ತೆಗೆದಿಟ್ಟದ್ದು 500 ಕೋಟಿ ಯೂರೋ. ಕೆಲವೇ ತಿಂಗಳಲ್ಲಿ ಹಣ ಖಾಲಿ, ಸುಮಾರು 20 ಲಕ್ಷ ಕಾರು ನಾಶ. ಆಫೀಸಿನಲ್ಲಿ ಎಲ್ಲರೂ ಹೇಳಿದರು: ಏಳು ನೂರರ ಕಾರಿಗೆ ಎರಡೂವರೆ ಸಾವಿರ, ಬಿಡಬೇಡ! ಅರ್ಜಿಯನ್ನೂ ತುಂಬಿದ್ದೆ. ಕಳಿಸುವ ಹಿಂದಿನ ದಿನ ಗುಜರಿ ಅಂಗಳದ ಮುಂದೆ ಹಾದುಹೋದೆ. ಒಂದರ ಮೇಲೊಂದು ಪೇರಿಸಿದ ಕಾರುಗಳು. ಎಷ್ಟೋ ಕಾರುಗಳ ಒಳಗೆ ಮಕ್ಕಳ ಸ್ಟಿಕರ್ ಇನ್ನೂ ಅಂಟಿಕೊಂಡಿತ್ತು. ಮನೆಗೆ ಬಂದು ಅರ್ಜಿ ಹರಿದೆ. ಹೆಂಡತಿ ಒಂದು ವಾರ ಮಾತಾಡಲಿಲ್ಲ, ಅದು ಬೇರೆ ವಿಷಯ.

ಇಲ್ಲೊಂದು ಸೂಕ್ಷ್ಮವಿದೆ. ಪರಕಾಯ ಪ್ರವೇಶದ ಕಥೆಯಲ್ಲಿ ಶಿಷ್ಯರು ಗುರುವಿನ ದೇಹವನ್ನು ಗುಹೆಯಲ್ಲಿಟ್ಟು ಕಾಯುತ್ತಾರೆ. ದೇಹ ಸುಟ್ಟರೆ ಮರಳಲು ಜಾಗವಿಲ್ಲ. 2009ರಲ್ಲಿ ನಾವು ಮಾಡಿದ್ದು ಸುಡುವ ಕೆಲಸ. ಇಂದು 1980ರ ದಶಕದ ಜಪಾನಿ ಕಾರಿನ ಒಂದು ಬಾಗಿಲೋ ಒಂದು ಇಂಜಿನ್ನೋ ಹುಡುಕುವವನಿಗೆ ಆ ವರ್ಷ ಒಂದು ಕ್ಷಾಮದ ವರ್ಷದಂತೆ ಕಾಣುತ್ತದೆ. ಅದಕ್ಕೂ ಮೊದಲೇ 1998ರ, 2002ರ ಕಾನೂನುಗಳು ಗುಜರಿ ಕಸುಬನ್ನು ಬಿಗಿಗೊಳಿಸಿದ್ದವು. ಎಣ್ಣೆ ನೆಲಕ್ಕೆ ಸೋರಬಾರದು, ಪ್ರತಿ ಕಾರಿಗೂ ನಾಶಪತ್ರ ಬೇಕು. ಪರಿಸರಕ್ಕೆ ಒಳ್ಳೆಯದೇ. ಆದರೆ ಸ್ಪ್ಯಾನರ್ ಜೇಬಲ್ಲಿಟ್ಟುಕೊಂಡು ಅಂಗಳದೊಳಗೆ ಅಲೆದು ಬೇಕಾದ್ದನ್ನು ಬಿಚ್ಚಿಕೊಳ್ಳುವ ಸುಖ ಕಡಿಮೆಯಾಯಿತು.

2018ರಲ್ಲಿ ನನ್ನ ಕಾರಿಗೆ ಮೂವತ್ತು ತುಂಬಿತು. ಜರ್ಮನಿಯಲ್ಲಿ 1997ರಿಂದ ಒಂದು ಪದ್ಧತಿಯಿದೆ: ಮೂವತ್ತು ದಾಟಿದ, ಮೂಲರೂಪ ಉಳಿಸಿಕೊಂಡ ಕಾರಿಗೆ ನಂಬರ್ ಪ್ಲೇಟಿನ ಕೊನೆಯಲ್ಲಿ 'ಹೆಚ್' ಅಕ್ಷರ. ಅಂದರೆ ಚಾರಿತ್ರಿಕ ಪರಂಪರೆ! ಪೋಸ್ಟ್‌ಮನ್ನರ ಕಾರಿಗೂ ಪರಂಪರೆಯ ಪಟ್ಟ ಸಿಕ್ಕಿತೆಂದು ಮನೆಯಲ್ಲಿ ಹೋಳಿಗೆ ಮಾಡಿದೆವು. ಮರುವರ್ಷವೇ, ಆಯಿಲ್ ದೀಪ ಹತ್ತಿದ್ದನ್ನು ನೋಡಿಯೂ 'ಮನೆ ಹತ್ತಿರವೇ ಇದೆಯಲ್ಲ' ಎಂದು ಆಟೋಬಾನಿನಲ್ಲಿ ಓಡಿಸಿ ಇಂಜಿನ್ ಸೀಜ್ ಮಾಡಿದೆ. ತಪ್ಪು ಪೂರ್ತಿ ನನ್ನದು. ಮೂವತ್ತೊಂದು ವರ್ಷ ದುಡಿದ ಇಂಜಿನ್ನನ್ನು ಇಪ್ಪತ್ತು ನಿಮಿಷದಲ್ಲಿ ಕೊಂದೆ.

ಏಳು ತಿಂಗಳು ಹುಡುಕಿದೆ. ಫೋನು ಮಾಡಿದ ಗುಜರಿಗಳಲ್ಲಿ ಅರ್ಧದಷ್ಟು ಮಂದಿ ನಕ್ಕರು. ಕೊನೆಗೆ ಹೈಲ್‌ಬ್ರಾನ್ ಆಚೆಯ ಒಂದು ಅಂಗಳದ ಮುದುಕರು ಹೇಳಿದರು: "ನಿಮ್ಮ 1.3 ಇಲ್ಲ. ಅದೇ ಪೀಳಿಗೆಯ 1.6 ಇದೆ. ಬೇಕಾದರೆ ಬನ್ನಿ." ಹೋಗುವ ಮೊದಲು ತಪಾಸಣಾಧಿಕಾರಿಯನ್ನು ಕೇಳಿದೆ. (ಸ್ನೇಹಿತರೇ, ನೀವೂ ಹೀಗೇ ಮಾಡಿ. ಮೊದಲು ಕೇಳಿ, ಆಮೇಲೆ ಕೊಳ್ಳಿ.) ಅವರ ಉತ್ತರ ಹೀಗಿತ್ತು: ಅದೇ ಮಾದರಿಯ, ಅದೇ ಕಾಲದ ಇಂಜಿನ್ ಆದರೆ 'ಹೆಚ್' ಉಳಿಯುತ್ತದೆ, ಆದರೆ 1.6ಕ್ಕೆ ಕಂಪನಿ ಕೊಟ್ಟಿದ್ದ ಬ್ರೇಕೇ ಇರಬೇಕು, ಹೊಗೆ ಮೊದಲಿಗಿಂತ ಕೆಟ್ಟದಾಗಬಾರದು, ಎಲ್ಲವೂ ಕಾಗದದಲ್ಲಿ ದಾಖಲಾಗಬೇಕು. ಇಲ್ಲದಿದ್ದರೆ ಕಾರಿಗೆ ರಸ್ತೆಯ ಹಕ್ಕೇ ಇಲ್ಲ.

ಈ ಕಾಗದದ ಹುಚ್ಚಿಗೂ ಒಂದು ಚರಿತ್ರೆಯಿದೆ. 1865ರಲ್ಲಿ ಮಾನ್‌ಹೈಮಿನ ಒಂದು ಬಿಯರ್ ಕಾರ್ಖಾನೆಯಲ್ಲಿ ಉಗಿ ಬಾಯ್ಲರ್ ಸಿಡಿಯಿತು. ಮರುವರ್ಷ ಬಾಯ್ಲರ್ ಮಾಲೀಕರೇ ಸೇರಿ ತಪಾಸಣೆಗೆ ಸಂಘ ಕಟ್ಟಿದರು. ನಾವೆಲ್ಲ ಎರಡು ವರ್ಷಕ್ಕೊಮ್ಮೆ ನಡುಗುತ್ತಾ ಹೋಗುವ 'ಟ್ಯೂಫ್' ಸಂಸ್ಥೆಗಳ ಮೂಲ ಅದು. ಕಾರುಗಳ ಕಡ್ಡಾಯ ತಪಾಸಣೆ ಬಂದದ್ದು 1951ರಲ್ಲಿ, ನಂಬರ್ ಪ್ಲೇಟಿನ ಮೇಲಿನ ಬಿಲ್ಲೆ 1961ರಲ್ಲಿ.

ನಾನೂ ಇದನ್ನು ಬೈದವನೇ. ಈಗ ಬೈಯುವುದಿಲ್ಲ, ಅದಕ್ಕೆ ಕಾರಣ ಮಾವ. ಇಂಜಿನ್ ಬದಲಿಸಿದ್ದನ್ನು ಅವರು ಆರ್‌ಸಿ ಬುಕ್ಕಿನಲ್ಲಿ ಬರೆಸಲೇ ಇಲ್ಲ. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ನಮ್ಮಲ್ಲೂ ಬರೆಸಬೇಕು. "ಯಾರೋ ಆರ್‌ಟಿಓಗೆ ಅಲೀತಾರೆ" ಎಂದು ಬಿಟ್ಟರು. ಅವರು ತೀರಿಕೊಂಡಾಗ ಅತ್ತೆಯ ಕೈಯಲ್ಲಿ ಉಳಿದದ್ದು ಆ ಕಾರೊಂದೇ. ಕೊಳ್ಳಲು ಬಂದವರು ಬಾನೆಟ್ ಎತ್ತಿ, ಪುಸ್ತಕದ ನಂಬರ್ ನೋಡಿ, ತಲೆಯಾಡಿಸಿ ಹೋದರು. ಕಾಗದದ ಲೆಕ್ಕದಲ್ಲಿ ಆ ಕಾರು ಇರಲೇ ಇಲ್ಲ. ಕೊನೆಗೆ ಗುಜರಿಯವನು ಕೆ.ಜಿ. ಲೆಕ್ಕದಲ್ಲಿ ತೂಗಿ ಕೊಂಡುಹೋದ. ಹದಿನೈದು ವರ್ಷ ಮನೆಗೆ ಅನ್ನ ಹಾಕಿದ ಬಂಡಿ! ಅಂದು ಅತ್ತೆ ಅತ್ತದ್ದು ದುಡ್ಡಿಗಲ್ಲ.

ಔಗ್ಸ್‌ಬುರ್ಗಿನಲ್ಲಿ ಹಳೇ ಟ್ರಾಮ್ ಡಿಪೋ ಒಂದರಲ್ಲಿ ಫ್ರೈ ಕುಟುಂಬದವರು 2017ರಲ್ಲಿ ಮಾಜ್ದಾ ಮ್ಯೂಸಿಯಂ ತೆರೆದಿದ್ದಾರೆ. ಕಾಸ್ಮೋ ಅಲ್ಲಿ ನಿಂತಿದೆ. ನೆಕಾರ್ಸುಲ್ಮಿನ ಹಳೇ ಕೋಟೆಮನೆಯಲ್ಲಿ ಎನ್‌ಎಸ್‌ಯು ಮ್ಯೂಸಿಯಂ ಇದೆ. ಮಕ್ಕಳನ್ನು ಕರೆದುಕೊಂಡು ಎರಡನ್ನೂ ನೋಡಿ. ಆದರೆ ಮ್ಯೂಸಿಯಂ ಸೇರದ ಚರಿತ್ರೆಯೇ ಹೆಚ್ಚು. ಅದು ಉಳಿಯುವುದು ಗುಜರಿಯ ಮುದುಕರು ಎಸೆಯದೆ ಮೂಲೆಯಲ್ಲಿಟ್ಟ ಒಂದು ಇಂಜಿನ್ನಿನಲ್ಲಿ, ಅದಕ್ಕೆ ಹೊಂದುವ ಒಂದು ಕಾಗದದಲ್ಲಿ.

ಆ 1.6 ಈಗ ನನ್ನ ಕಾರಿನಲ್ಲಿದೆ, ಬ್ರೇಕಿನ ಸಮೇತ. ನೋಂದಣಿ ಪತ್ರದಲ್ಲಿ ಹೊಸ ಸಾಲು ಬಿದ್ದ ದಿನ ಶಿವಮೊಗ್ಗಕ್ಕೆ ಫೋನು ಮಾಡಿ ಅತ್ತೆಗೆ ಹೇಳಿದೆ: "ಅತ್ತೆ, ಇಂಜಿನ್ ಬದಲಿಸ್ದೆ. ಕಾಗದದಲ್ಲೂ ಬರೆಸ್ದೆ."

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದರು: "ಒಳ್ಳೇದಾಯ್ತು ಬಿಡಪ್ಪ. ನಿಮ್ಮ ಮಾವ ಇದ್ದಿದ್ರೆ, ಅದೆಲ್ಲ ಇರ್ಲಿ, ಲೀಟರಿಗೆ ಎಷ್ಟು ಕೊಡತ್ತೆ ಅಂತ ಕೇಳ್ತಿದ್ರು."